ಪಕ್ಕದ ಸೀಟಿನ ಬ್ರೇಕು

ಮನೆಯಿಂದ,
ಹದಿನಾಲ್ಕನೇ ತಾರೀಕು, ಶನಿವಾರ ಬೆಳಗ್ಗೆ

ಪ್ರೀತಿಯ ಅಕ್ಕಾ,

ಮಂಡಿನೋವು ಹೇಗಿದೆ? ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದೀಯೋ, ಇಲ್ಲ ಡಬ್ಬಿಯಲ್ಲಿ ಜೋಪಾನವಾಗಿ ಇಟ್ಟಿದ್ದೀಯೋ? ನಿನ್ನ ಬುದ್ಧಿ ನನಗೆ ಗೊತ್ತು. ನಾವೆಲ್ಲ ಚೆನ್ನಾಗಿದ್ದೇವೆ.

ನಿನ್ನ ಪತ್ರ ಬಂದು ಎರಡು ತಿಂಗಳಾಯಿತು. "ಕಾಲಲ್ಲಿ ಶಕ್ತಿ ಇಲ್ಲದ ಹುಡುಗಿಗೆ ಕಾರು ಯಾಕೋ? ನೀನಾದ್ರೂ ಬೇಡ ಅನ್ನಬಾರದಾ?" ಎಂದು ಬೈದಿದ್ದೆ. ನಾನು ಉತ್ತರ ಬರೆಯಲಿಲ್ಲ. ಒಳಗೊಳಗೆ ನನಗೂ ಹಾಗೇ ಅನ್ನಿಸುತ್ತಿತ್ತು. ಇಪ್ಪತ್ತೆಂಟು ವರ್ಷ ಊರಿನವರಿಗೆಲ್ಲ ಡ್ರೈವಿಂಗ್ ಕಲಿಸಿದವನು, ಸ್ವಂತ ಮಗಳು ಗಾಲಿಕುರ್ಚಿಯಲ್ಲಿ ಕೂತು "ನಂಗೂ ಕಲಿಸಪ್ಪ" ಅಂದರೆ ಕಿವುಡನಂತೆ ಇರುತ್ತಿದ್ದೆ. ಕಡೆಗೆ ಅವಳೇ ಮೆಕ್ಯಾನಿಕ್‌ನನ್ನು ಹಿಡಿದು, ನಮ್ಮ ಡ್ರೈವಿಂಗ್ ಸ್ಕೂಲಿನ ಗೇರಿಲ್ಲದ ಕಾರಿಗೆ ಸ್ಟೀರಿಂಗ್ ಕೆಳಗೆ ಒಂದು ಹಿಡಿ ಹಾಕಿಸಿದಳು. ಮುಂದಕ್ಕೆ ತಳ್ಳಿದರೆ ಬ್ರೇಕು, ತನ್ನ ಕಡೆಗೆ ಎಳೆದರೆ ವೇಗ. ಆಮೇಲೆ ನಾನು ಕಲಿಸದೆ ವಿಧಿಯಿರಲಿಲ್ಲ.

ಕಲಿಸುವವನಿಗೆಂದು ಪಕ್ಕದ ಸೀಟಿನಲ್ಲಿರುವ ಬ್ರೇಕು ಮಾತ್ರ ಹಾಗೇ ಇತ್ತು. ಹೋದ ತಿಂಗಳ ಲೈಸೆನ್ಸ್ ಪರೀಕ್ಷೆಯಲ್ಲಿ ನಾನು ಅಲ್ಲೇ ಕೂತಿದ್ದೆ. ಸೈಕಲ್ಲೊಂದು ಅಡ್ಡ ಬಂತು. ಅವಳು ಆಗಲೇ ವೇಗ ಇಳಿಸಿದ್ದಳು. ನಾನು, ಅಭ್ಯಾಸಬಲ ನೋಡು, ಬ್ರೇಕು ತುಳಿದೇಬಿಟ್ಟೆ. ಕಾರು ನಡುರಸ್ತೆಯಲ್ಲಿ ಧಡಕ್ಕನೆ ನಿಂತಿತು. ಹಿಂದೆ ಕೂತಿದ್ದ ಅಧಿಕಾರಿಯ ಕನ್ನಡಕ ಮಡಿಲಿಗೆ ಬಿತ್ತು. "ಇಂಥವರಿಗೆ ಇದೆಲ್ಲ ಆಗಿಬರಲ್ಲ ಬಿಡಿ" ಎಂದು ಫೇಲ್ ಮಾಡಿದ. ಗಟ್ಟಿ ಕಾಲಿನವನ ಕಾಲೇ ಕೆಲಸ ಕೆಡಿಸಿತ್ತು, ಆದರೂ ನಾನು ತುಟಿಪಿಟಿಕ್ ಎನ್ನಲಿಲ್ಲ. ಅವಳು ತನ್ನ ಕೈಯೇ ಜೋರಾಯಿತು ಎಂದುಕೊಂಡು ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ನನಗೆ ನಾಚಿಕೆಯಾಗಬೇಕು ಅಕ್ಕಾ.

ನಿನ್ನೆ ಮತ್ತೆ ಪರೀಕ್ಷೆ ಇತ್ತು. ಅವಳೆದುರಿಗೇ ಅಧಿಕಾರಿಗೆ ಹೇಳಿದೆ, "ಅವತ್ತು ಬ್ರೇಕ್ ಒತ್ತಿದ್ದು ನಾನು ಸಾರ್." ಮಗಳು ನನ್ನನ್ನೇ ಒಂದು ಗಳಿಗೆ ನೋಡಿದಳು. "ಹಿಂದೆ ಕೂತ್ಕೋ ಅಪ್ಪ," ಅಂದಳು, ಅಷ್ಟೇ. ತೆಪ್ಪಗೆ ಹಿಂದೆ ಕೂತೆ. ಅಯ್ಯೋ ಅಕ್ಕಾ, ಆ ಕೈಗಳನ್ನು ನೀನು ನೋಡಬೇಕಿತ್ತು! ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಟಾಗ ಕಾರು ಒಂದು ಬೆರಳಷ್ಟೂ ಹಿಂದೆ ಜಾರಲಿಲ್ಲ. ಮಾರುಕಟ್ಟೆಯ ಇಕ್ಕಟ್ಟಿನಲ್ಲಿ ತಳ್ಳುಗಾಡಿ, ಮಕ್ಕಳು, ನಾಯಿ, ಎಲ್ಲವೂ ನನಗಿಂತ ಮೊದಲು ಅವಳಿಗೆ ಕಂಡವು. ಸಾವಿರಾರು ಜನಕ್ಕೆ ಕಲಿಸಿದ್ದೇನೆ, ಇಷ್ಟು ಹಗುರವಾಗಿ ಗಾಡಿ ಓಡಿಸುವವರನ್ನು ಕಂಡಿಲ್ಲ. ಬಾಯಿ ಬಿಟ್ಟುಕೊಂಡು ಕೂತಿದ್ದೆ. ಇವಳು ನನ್ನ ಮಗಳೇನಾ ಅನ್ನಿಸಿತು ಅಂದರೆ ನಗಬೇಡ. ಪಾಸಾದಳು.

ಭಾವನವರಿಗೆ ನಮಸ್ಕಾರ ಹೇಳು. ಹುಡುಗಿಯನ್ನು ಮನಸಾರೆ ಹರಸು.

ನಿನ್ನ ಮೊಂಡ ತಮ್ಮ

ಮುಖ್ಯವಾದದ್ದೇ ಮರೆತೆ: ನಾಳೆಯಲ್ಲ, ಮುಂದಿನ ಭಾನುವಾರ ಅವಳು ನಿನ್ನ ಮನೆಗೆ ಬರುತ್ತಾಳೆ, ಕಾರಿನಲ್ಲಿ, ಒಬ್ಬಳೇ. ನಾನೂ ಬರುತ್ತೇನೆ ಅಂದೆ. "ಬಾ, ಆದ್ರೆ ಬಸ್ಸಲ್ಲಿ ಬಾ" ಅಂದಳು. ಹೂಂ ಅಂದುಬಿಟ್ಟೆ. ಗೇಟಿನ ಎರಡೂ ಬಾಗಿಲು ತೆಗೆದಿಡು. ಗಾಲಿಕುರ್ಚಿಯನ್ನು ಅವಳೇ ಇಳಿಸಿಕೊಳ್ಳುತ್ತಾಳೆ, ಹಿಡಿಯಲು ಓಡಬೇಡ. ಬಾಗಿಲಲ್ಲಿ ನಿಂತು ನೋಡು, ಸಾಕು.