ನನ್ನ ಮಗಳಿಗೆ ಕಾಮಾಲೆ ಬಂದಿರಲಿಲ್ಲ

ಮಾನ್ಯ ಕುಲಸಚಿವರೇ,

ನನ್ನ ಮಗಳು ಗಟ್ಟಿಮುಟ್ಟಾಗಿದ್ದಾಳೆ. ಆ ಒಂದೇ ಕಾರಣಕ್ಕೆ ನಿಮ್ಮ ವಿಶ್ವವಿದ್ಯಾಲಯ ಅವಳನ್ನು ಕೊನೆಯ ಸೆಮಿಸ್ಟರಿಗೆ ಮರಳಿ ಸೇರಿಸಿಕೊಳ್ಳುತ್ತಿಲ್ಲ ಎಂಬುದೇ ನನ್ನ ದೂರು. ಅವಳು ಕಾಯಿಲೆ ಬಿದ್ದಿದ್ದರೆ ಸೇರಿಸಿಕೊಳ್ಳುತ್ತಿದ್ದಿರಿ. ಮದುವೆಯಾಗಿದ್ದರೆ ಸೇರಿಸಿಕೊಳ್ಳುತ್ತಿದ್ದಿರಿ. ಹೆತ್ತು ಬಾಣಂತನ ಮುಗಿಸಿ ಬಂದಿದ್ದರೂ ಸೇರಿಸಿಕೊಳ್ಳುತ್ತಿದ್ದಿರಿ. ಮನೆಯಲ್ಲಿ ಒಂದು ಸಾವು ಆಗಿದ್ದರಂತೂ ಎರಡು ಮಾತು ಸಂತಾಪವನ್ನೂ ಹೇಳಿ ಸೇರಿಸಿಕೊಳ್ಳುತ್ತಿದ್ದಿರೋ ಏನೋ. ಅವಳು ಇದ್ಯಾವುದನ್ನೂ ಮಾಡದೆ ಪರದೇಶದ ಒಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತಿದ್ದಳು. ಅದೇ ದೊಡ್ಡ ತಪ್ಪಾಗಿಹೋಯಿತು.

ನನ್ನ ವಿಚಾರ ಹೆಚ್ಚೇನೂ ಇಲ್ಲ. ಹಳ್ಳಿಯ ಶಾಲೆಯಲ್ಲಿ ಓದಿ, ಮದುವೆಯಾಗಿ ಪಟ್ಟಣಕ್ಕೆ ಬಂದು, ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡವಳು ನಾನು. ಶಾಲಾ ಮಕ್ಕಳ ಸಮವಸ್ತ್ರ ಹೊಲಿಯುತ್ತೇನೆ. ಇಂಗ್ಲಿಷ್ ನನಗೆ ಬರುವುದಿಲ್ಲ. ದೇವರಿಗೂ ನನಗೂ ಇದುವರೆಗೆ ಮನೆಮಾತಿನಲ್ಲೇ ವ್ಯವಹಾರ ನಡೆದುಕೊಂಡು ಬಂದಿದೆ, ಇಬ್ಬರಿಗೂ ತೊಂದರೆಯಾಗಿಲ್ಲ. ಮಗಳು ಹಾಗಲ್ಲ. ಅವಳಿಗೆ ಚಿಕ್ಕಂದಿನಿಂದ ಇಂಗ್ಲಿಷಿನ ಹುಚ್ಚು. ನಿಮ್ಮಲ್ಲಿ ಅದನ್ನೇ ಮುಖ್ಯ ವಿಷಯವಾಗಿ ತೆಗೆದುಕೊಂಡು ಬಿ.ಎ. ಸೇರಿದಳು. ಇನ್ನೇನು ಕೊನೆಯ ಸೆಮಿಸ್ಟರು ಬಾಕಿ ಎನ್ನುವಾಗ, ಪದವಿ ಮುಗಿಯದವರನ್ನೂ ಸಹಾಯಕ ಶಿಕ್ಷಕಿಯಾಗಿ ತೆಗೆದುಕೊಳ್ಳುವ ಪರದೇಶದ ಶಾಲೆಯೊಂದರ ವಿಷಯ ತಿಳಿದು ಅರ್ಜಿ ಹಾಕಿದಳು. ಅಲ್ಲಿಯ ಮುಖ್ಯೋಪಾಧ್ಯಾಯಿನಿ ಫೋನಿನಲ್ಲೇ ಪಾಠ ಮಾಡಿಸಿ ನೋಡಿ, ಬಾ ಎಂದರು.

"ಇನ್ನೊಂದಾರು ತಿಂಗಳು ತಡ್ಕೊಳೇ, ಮುಗಿಸ್ಕೊಂಡೇ ಹೋಗು" ಎಂದೆ ನಾನು.

"ಅಮ್ಮ, ಮುಗಿಸ್ಕೊಂಡು ಮನೇಲಿ ಕೂತೋರು ನಮ್ಮ ಬೀದೀಲೇ ಎಷ್ಟು ಜನ ಇದಾರೆ, ಎಣಿಸು" ಎಂದಳು.

ಎಣಿಸಲು ಹೊರಟೆ. ಬೆರಳು ಸಾಲಲಿಲ್ಲ.

ಅವಳು ಕದ್ದು ಹೋದವಳಲ್ಲ. ಒಂದು ವರ್ಷ ಓದು ನಿಲ್ಲಿಸಿ ಹೋಗಿಬರಲು ಅನುಮತಿ ಕೊಡಿ ಎಂದು ನಿಮ್ಮ ಕಚೇರಿಗೆ ಅರ್ಜಿ ಕೊಟ್ಟಳು. ಉತ್ತರ ಬರಲಿಲ್ಲ. ಹೊರಡುವ ಮುನ್ನ ವಿಚಾರಿಸಿದರೆ, ಅರ್ಜಿ ಪರಿಶೀಲನೆಯಲ್ಲಿದೆ ಎಂದರು. ಅವಳು ವಿಮಾನ ಹತ್ತಿದಳು. ಅಲ್ಲಿ ಚಳಿಗಾಲ ಕಳೆಯಿತು, ಬೇಸಿಗೆ ಬಂತು, ಅವಳ ತರಗತಿಯ ಮಕ್ಕಳ ಹಾಲುಹಲ್ಲು ಬಿದ್ದು ಹೊಸ ಹಲ್ಲು ಮೂಡಿದವು, ಅವಳು ತಿರುಗಿ ಬಂದಳು. ಅರ್ಜಿ ಈಗಲೂ ಪರಿಶೀಲನೆಯಲ್ಲಿದೆಯಂತೆ. ಅಷ್ಟು ಆಳವಾಗಿ ಪರಿಶೀಲಿಸುತ್ತಿರುವ ಮಹನೀಯರು ಯಾರೋ, ದೇವರು ಅವರ ಕಣ್ಣಿಗೆ ಇನ್ನಷ್ಟು ಶಕ್ತಿ ಕೊಡಲಿ.

ಅಲ್ಲಿ ಅವಳೇನು ಮಾಡುತ್ತಿದ್ದಳು ಎಂಬುದನ್ನು ನಾನು ಫೋನಿನಲ್ಲಿ ಕಣ್ಣಾರೆ ಕಂಡಿದ್ದೇನೆ. ಬಾಗಿಲ ಬಳಿ ಸಾಲಾಗಿ ಪುಟ್ಟ ಪುಟ್ಟ ಬೂಟುಗಳು, ಕಿಟಕಿಯ ಗಾಜಿಗೆ ಅಂಟಿಸಿದ ಬಣ್ಣದ ಕಾಗದದ ಮೀನುಗಳು, ಮೊಣಕಾಲೆತ್ತರದ ಕುರ್ಚಿಗಳು. ಅಂಥ ಒಂದು ಕುರ್ಚಿಯಲ್ಲಿ ನನ್ನ ಉದ್ದಕಾಲಿನ ಮಗಳು ಮಡಚಿಟ್ಟ ಛತ್ರಿಯ ಹಾಗೆ ಕೂತಿರುತ್ತಿದ್ದಳು. ಆ ಮಕ್ಕಳ ಭಾಷೆ ಇವಳಿಗೆ ಬಾರದು, ಇವಳ ಭಾಷೆ ಅವರಿಗೆ ಬಾರದು. ಒಂದು ದಿನ, "ಅಮ್ಮ, ಅಡುಗೆಮನೆಗೆ ನಡಿ. ಒಂದೊಂದೇ ಪಾತ್ರೆ ಎತ್ತಿ ತೋರ್ಸು" ಎಂದಳು. ನಾನು ಸೌಟು ಎತ್ತಿದರೆ ಆ ಕಡೆಯಿಂದ ಮಕ್ಕಳು ಅದರ ಹೆಸರನ್ನು ಇಂಗ್ಲಿಷಿನಲ್ಲಿ ಕೂಗುತ್ತಿದ್ದವು. ಮುಚ್ಚಳ ಎತ್ತಿದರೆ ಅದರ ಹೆಸರು, ಜರಡಿ ಎತ್ತಿದರೆ ಅದರ ಹೆಸರು. ತಳ ಸೀದ ಬಾಣಲೆಯೊಂದಿತ್ತು, ಮಾನ ಹೋದೀತೆಂದು ಮೆಲ್ಲಗೆ ಹಿಂದಕ್ಕೆ ಸರಿಸಿದೆ. ಗೇಣುದ್ದದ ಹುಡುಗಿಯೊಬ್ಬಳು ಅದನ್ನು ಕಂಡೇಬಿಟ್ಟಳು. ಅದನ್ನೂ ತೋರಿಸಲೇಬೇಕೆಂದು ಹಟ ಹಿಡಿದಳು. ಇಂಗ್ಲಿಷಿನಲ್ಲೇ ಹಟ ಹಿಡಿದಳಂತೆ. "ಅಮ್ಮ, ಅವಳು ಬಾಯಿ ಬಿಟ್ಟು ಪೂರ್ತಿ ಮಾತಾಡಿದ್ದು ಇದೇ ಮೊದ್ಲು!" ಎಂದು ಮಗಳು ಅಲ್ಲೇ ಕುಣಿದಳು. ನನ್ನ ಸೀದ ಬಾಣಲೆಯಿಂದ ಒಂದು ಮಗುವಿಗೆ ವಿದ್ಯೆ ಹತ್ತಿತೆಂದರೆ ನಾನೂ ಧನ್ಯಳೇ.

ಈಗ ಆ ದೇಶದವರು ನಿಯಮ ಬದಲಿಸಿದ್ದಾರೆ. ಮುಂದಿನ ಶಾಲಾ ವರ್ಷದಿಂದ ಪದವಿ ಇಲ್ಲದವರಿಗೆ ವೀಸಾ ಇಲ್ಲ. ಇರಲಿ, ಅವರ ಮಕ್ಕಳು, ಅವರ ನಿಯಮ. ಮುಖ್ಯೋಪಾಧ್ಯಾಯಿನಿ ಜಾಗವನ್ನು ಹಾಗೇ ಇಟ್ಟುಕೊಂಡು, ಹೋಗಿ ಮುಗಿಸಿಕೊಂಡು ಬಾ ಎಂದು ಕಳಿಸಿದರು. ಈ ಸೆಮಿಸ್ಟರು ತಪ್ಪಿದರೆ ಜಾಗ ಬೇರೆಯವರ ಪಾಲು. ಅದಕ್ಕೇ ನಾವು ಓಡೋಡಿ ನಿಮ್ಮ ಕಚೇರಿಗೆ ಬಂದದ್ದು.

ನಿಮ್ಮ ಮರುಪ್ರವೇಶ ವಿಭಾಗದ ಗುಮಾಸ್ತರು ಒಳ್ಳೆಯವರು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ನಮಗೆ ಕುರ್ಚಿ ಕೊಟ್ಟರು, ಫ್ಯಾನು ನಮ್ಮ ಕಡೆ ತಿರುಗಿಸಿದರು, ಆಮೇಲೆ ವಿಚಾರಣೆ ಶುರು ಮಾಡಿದರು.

"ಮಧ್ಯದಲ್ಲಿ ಓದು ಯಾಕೆ ನಿಂತ್ಹೋಯ್ತಮ್ಮ? ಮಗಳಿಗೆ ಮದುವೆ ಆಯ್ತಾ?"

"ಇಲ್ಲಪ್ಪ."

"ಹೆರಿಗೆ?"

"ಮದುವೇನೇ ಆಗಿಲ್ಲ ಅಂದ್ನಲ್ಲಪ್ಪ!"

"ಕೋಪ ಮಾಡ್ಕೋಬೇಡಿ, ಕೇಳೋದು ನನ್ನ ಕೆಲಸ. ಮನೇಲಿ ಯಾರಾದ್ರೂ ತೀರ್ಕೊಂಡ್ರಾ? ಅವಳ ಅಪ್ಪ?"

"ಅವರು ಹೊರಗಡೆ ಗಾಡಿ ನಿಲ್ಲಿಸ್ಕೊಂಡು ನಿಂತಿದಾರೆ."

ಗುಮಾಸ್ತರು ಕಿಟಕಿಯಿಂದ ಬಗ್ಗಿ ನೋಡಿದರು. ನನ್ನ ಯಜಮಾನರು ಕಡಲೆಕಾಯಿ ತಿನ್ನುತ್ತಾ ದೃಢಕಾಯರಾಗಿ ನಿಂತಿದ್ದರು. ಗುಮಾಸ್ತರ ಮುಖ ಬಾಡಿತು. "ಹಾಗಾದ್ರೆ ಇನ್ನೇನು, ಕಾಮಾಲೆ ಅಂತ ಹಾಕ್ಬಿಡೋಣ" ಎಂದರು.

"ಅವಳು ಪಾಠ ಹೇಳ್ತಿದ್ಲು ಕಣಪ್ಪ. ಅದನ್ನೇ ಬರಿ."

"ಅದಕ್ಕೆ ಅವಕಾಶ ಇಲ್ಲಮ್ಮ. ಕಾಯಿಲೆ, ಮದುವೆ, ಹೆರಿಗೆ, ಸಾವು. ಈ ನಾಲ್ಕರಲ್ಲಿ ಒಂದು ಆಗ್ಬೇಕು. ಪಾಠ ಹೇಳ್ತಿದ್ಲು ಅಂತ ಬರೆದ್ರೆ ಅನುಮತಿ ಇಲ್ದೆ ಉದ್ಯೋಗ ಮಾಡಿದ ಹಾಗಾಗುತ್ತೆ, ಸೀಟೇ ರದ್ದು. ಎಲ್ರೂ ಕಾಮಾಲೆನೇ ತರ್ತಾರೆ. ಗೇಟಿನ ಎದುರಿಗೇ ಡಾಕ್ಟ್ರು ಇದಾರೆ."

ನನಗೆ ಸಮಾಧಾನವಾಗದೆ ನಿಮ್ಮನ್ನೇ ಕಾಣಲು ಬಂದೆ. ನಿಮಗೆ ನೆನಪಿರಲಾರದು. ನೀವು ಕಡತದಿಂದ ತಲೆಯೆತ್ತದೆ ಕೇಳಿದಿರಿ: "ಪದವೀನೇ ಮುಗಿಸದವಳು ಪರದೇಶಕ್ಕೆ ಹೋಗಿ ಇಂಗ್ಲಿಷ್ ಕಲಿಸೋದೇ ತಪ್ಪಲ್ವೇನಮ್ಮ? ನೀವು ಹೊಲಿಗೆಯವರು ಅಂತೀರಿ. ಅರ್ಧ ಹೊಲಿದ ಅಂಗಿ ಗಿರಾಕಿಗೆ ಕೊಡ್ತೀರಾ?" ಅದಕ್ಕೆ ಉತ್ತರ ಈಗ ಹೇಳುತ್ತೇನೆ. ಕೊಡುವುದಿಲ್ಲ ಸ್ವಾಮಿ. ಆದರೆ ಮೈಗೆ ಹಿಡಿಸುತ್ತದೋ ಇಲ್ಲವೋ ನೋಡಲು ಅರ್ಧ ಹೊಲಿದಾಗಲೇ ತೊಡಿಸಿ ನೋಡುವುದುಂಟು. ಅದೂ ಹೋಗಲಿ. ಗಿರಾಕಿ ಅರ್ಧ ಹೊಲಿದ ಅಂಗಿ ಹಿಡಿದುಕೊಂಡು, ಉಳಿದದ್ದನ್ನೂ ಹೊಲಿದುಕೊಡಿ ಎಂದು ನನ್ನ ಬಾಗಿಲಿಗೆ ಬಂದಾಗ, ನೀನು ಇದನ್ನು ಆಗಲೇ ಒಂದು ಸಲ ತೊಟ್ಟಿದ್ದೀಯ, ಆದ್ದರಿಂದ ಇನ್ನು ತೋಳು ಇಡುವುದಿಲ್ಲ ಎಂದು ನಾನು ಹೇಳಿದರೆ ನನ್ನ ಅಂಗಡಿಗೆ ಯಾರು ಬರುತ್ತಾರೆ? ಪದವಿ ಮುಗಿಸದೆ ಪಾಠ ಹೇಳಬಾರದು ಎನ್ನುತ್ತೀರಿ. ಸರಿ ಎಂದು ಮುಗಿಸಲು ಬಂದರೆ, ಪಾಠ ಹೇಳಿದ್ದಕ್ಕೆ ಮುಗಿಸಬಾರದು ಎನ್ನುತ್ತೀರಿ. ಈ ಲೆಕ್ಕ ನಮ್ಮ ಹಳ್ಳಿ ಶಾಲೆಯಲ್ಲಿ ಕಲಿಸಿರಲಿಲ್ಲ.

ಕೊನೆಗೆ ಮಗಳ ಒತ್ತಾಯಕ್ಕೆ ಗೇಟಿನ ಎದುರಿನ ದವಾಖಾನೆಗೂ ಹೋದೆವು. ಚಹಾದಂಗಡಿಯವನು ಸಕ್ಕರೆ ಕಡಿಮೆಯೋ ಜಾಸ್ತಿಯೋ ಎಂದು ಕೇಳುವ ಹಾಗೆ ಡಾಕ್ಟರು, "ಕಾಮಾಲೆನೋ ಟೈಫಾಯ್ಡೋ?" ಎಂದು ಕೇಳಿದರು. ಒಂದು ವರ್ಷಕ್ಕಾದರೆ ಕಾಮಾಲೆ ಮರುಕಳಿಸಿದ್ದು ಒಳ್ಳೆಯದು ಎಂದು ಸಲಹೆಯನ್ನೂ ಕೊಟ್ಟು, ತಲೆ ಬಗ್ಗಿಸಿ ಬರೆಯತೊಡಗಿದರು.

ನನಗೆ ತಡೆಯಲಾಗಲಿಲ್ಲ. "ಡಾಕ್ಟ್ರೇ, ಒಂದ್ಸಲ ಅವಳ ಕಣ್ಣಾದ್ರೂ ನೋಡಿ" ಎಂದೆ.

"ಈಗ ವಾಸಿಯಾಗಿದೆಯಲ್ಲಮ್ಮ, ನೋಡೋಕೇನಿದೆ?" ಎಂದರು.

ಮಾನ್ಯರೇ, ಮಗಳು ಹೊರಟ ದಿನದಿಂದ ನಾನು ದೇವರಲ್ಲಿ ಬೇರೇನನ್ನೂ ಕೇಳಲಿಲ್ಲ. ಯಂತ್ರದ ಮುಂದೆ ಕೂರುವ ಮೊದಲು ದಿನಾ ಕೈಮುಗಿದು, ಅಪ್ಪಾ, ಪರಸ್ಥಳದಲ್ಲಿ ಮಗಳಿಗೆ ಜ್ವರ ಬಾರದ ಹಾಗೆ ನೋಡಿಕೋ ಎಂದೆ. ಅವನು ನೋಡಿಕೊಂಡ. ಒಂದು ನೆಗಡಿಯನ್ನೂ ಹೆಚ್ಚು ದಿನ ನಿಲ್ಲಗೊಡಲಿಲ್ಲ. ಈಗ ಅವಳಿಗೆ ವರ್ಷವಿಡೀ ಕಾಮಾಲೆಯಿತ್ತು ಎಂದು ನಾನು ಸಹಿ ಹಾಕಿಸಿದರೆ, ಕೊಟ್ಟವನ ಕೈಗೇ, ನೀನು ಕೊಟ್ಟಿಲ್ಲ ಎಂದು ಬರೆದುಕೊಟ್ಟ ಹಾಗಲ್ಲವೇ? ಮಗಳ ರಟ್ಟೆ ಹಿಡಿದು ಎಬ್ಬಿಸಿಕೊಂಡು ಹೊರಗೆ ಬಂದೆ.

ಬೀದಿಯಲ್ಲಿ ಅವಳು ನನ್ನ ಮೇಲೆ ಎಗರಿಬಿದ್ದಳು. "ಒಂದು ಚೀಟಿಗೋಸ್ಕರ ನನ್ನ ಬದುಕು ಹಾಳು ಮಾಡ್ತೀಯಲ್ಲಮ್ಮ! ನಿನ್ನ ದೇವರು ಬಂದು ನನ್ನ ಪರೀಕ್ಷೆ ಬರೀತಾನಾ?" ಯಜಮಾನರು ಗಾಡಿಯ ಕನ್ನಡಿ ಒರೆಸುತ್ತಾ ನಿಂತರು. ಒರೆಸಿದ್ದನ್ನೇ ಒರೆಸಿದರು. ವಿಷಯ ತಿಳಿದ ನನ್ನ ಅಣ್ಣ ಮನೆಗೇ ಬಂದು ಬೈದ: "ಊರಿನ ಸತ್ಯವೆಲ್ಲ ನೀನೊಬ್ಳೇ ಗುತ್ತಿಗೆ ಹಿಡ್ದಿದೀಯೇನೇ? ಕಾಮಾಲೆ ಅಂತ ಬರೆದ್ರೆ ಅದೇನು ಅಂಟ್ಕೊಳುತ್ತಾ?" ಅಂಟಿಕೊಳ್ಳುತ್ತದೆ ಅಣ್ಣಾ, ಇಡೀ ವಿಶ್ವವಿದ್ಯಾಲಯಕ್ಕೇ ಅಂಟಿಕೊಂಡಿದೆಯಲ್ಲ ಎಂದೆ. ಆದರೆ ಮಗಳು ನನ್ನ ಜೊತೆ ಮಾತು ಬಿಟ್ಟಳು. ಊಟದ ತಟ್ಟೆ ತಾನೇ ಹಾಕಿಕೊಂಡು ಕೋಣೆಗೆ ಹೋಗುತ್ತಿದ್ದಳು. ನನ್ನ ಹಟದಿಂದ ಅವಳ ಶಾಲೆಯ ಮಕ್ಕಳು ಅವಳಿಗೆ ತಪ್ಪಿಹೋದರೆ ನಾನು ಯಾವ ಮುಖ ಇಟ್ಟುಕೊಂಡು ಪ್ರಾರ್ಥನೆಗೆ ಕೂರಲಿ? ಸತ್ಯ ನನ್ನದು, ನಷ್ಟ ಅವಳದ್ದು. ಇಂಥ ಇಕ್ಕಟ್ಟಿಗೆ ತಾಯಿ ಮಗಳನ್ನು ನೂಕಲೆಂದೇ ಆ ನಿಯಮ ಮಾಡಿದಿರಾ?

ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಅವಳೇ ಬಂದು ಯಂತ್ರದ ಪಕ್ಕ ಕೂತಳು. ನಾನು ಕತ್ತರಿಸಿ ಬಿಟ್ಟ ಬಟ್ಟೆಯ ಚೂರುಗಳನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ ಹೇಳಿದಳು: "ಅಮ್ಮ, ನನ್ನ ಕ್ಲಾಸಲ್ಲಿ ಒಂದು ರೂಢಿ ಮಾಡಿದ್ದೆ. ಹಿಂದಿನ ದಿನ ಬರದೇ ಇದ್ದೋರು ಎದ್ದು ನಿಂತು ಯಾಕೆ ಬರ್ಲಿಲ್ಲ ಅಂತ ಇಂಗ್ಲಿಷಲ್ಲಿ ಹೇಳ್ಬೇಕು. ನಿಜ ಏನಿದ್ರೂ ಬೈಯೋ ಹಾಗಿಲ್ಲ. ಮೊದ್ಲು ಎಲ್ರೂ ಹೊಟ್ಟೆನೋವು, ಹೊಟ್ಟೆನೋವು ಅಂತಿದ್ರು. ಅವರಿಗೆ ಬರ್ತಿದ್ದ ಪದಾನೇ ಅಷ್ಟು. ಆಮೇಲೊಂದು ದಿನ ಒಬ್ಬಳು, ಶಾಲೆಗೆ ಬರೋಕೆ ಇಷ್ಟ ಇರ್ಲಿಲ್ಲ, ಮಂಚದ ಕೆಳಗೆ ಬಚ್ಚಿಟ್ಕೊಂಡಿದ್ದೆ ಅಂದ್ಲು. ಎಲ್ರೂ ಚಪ್ಪಾಳೆ ತಟ್ಟಿದ್ರು. ಅವತ್ತಿಂದ ಯಾರಿಗೂ ಹೊಟ್ಟೆನೋವು ಬರ್ಲೇ ಇಲ್ಲ."

"ಅದಕ್ಕೆ?" ಎಂದೆ.

"ಅದಕ್ಕೆ ಏನಿಲ್ಲ. ನಾನು ಹೋದ ತಕ್ಷಣ ಅವು ನನ್ನನ್ನೂ ಎದ್ದು ನಿಲ್ಲಿಸ್ತವೆ. ನಾನು ಕಾಮಾಲೆ ಅನ್ನೋಕಾಗುತ್ತಾ?"

ಆ ಮಾತಿನ ಮೇಲೆ, ಪತ್ರಿಕೆಯಲ್ಲೇ ಹಾಕಿಸೋಣವೆಂದು ಈ ಬಹಿರಂಗ ಪತ್ರ ಬರೆಯಲು ಕೂತೆ. ನನ್ನ ಬೇಡಿಕೆ ದೊಡ್ಡದೇನಲ್ಲ. ನಿಮ್ಮ ನಿಯಮದಲ್ಲಿರುವ ನಾಲ್ಕು ಕಾರಣಗಳ ಕೆಳಗೆ ಐದನೆಯದಾಗಿ "ಕೆಲಸ" ಎಂಬ ಪದ ಸೇರಿಸಿ. ದುಡಿದು ಬಂದವರನ್ನು ರೋಗಿಗಳನ್ನಾಗಿ ಮಾಡುವುದನ್ನು ನಿಲ್ಲಿಸಿ. ಪದವಿ ಇಲ್ಲದೆ ಯಾರೂ ಪಾಠ ಹೇಳಬಾರದೆಂಬ ಕಾಳಜಿ ನಿಮಗೆ ನಿಜವಾಗಿಯೂ ಇದ್ದರೆ, ಅದನ್ನು ಪಡೆಯಲು ಬಂದವಳಿಗೆ ಬಾಗಿಲು ತೆಗೆಯಿರಿ. ಸೆಮಿಸ್ಟರು ಶುರುವಾಗುವುದಕ್ಕೆ ಮೊದಲೇ ತೆಗೆಯಿರಿ. ಪರಿಶೀಲನೆಯನ್ನು ಆಮೇಲೂ ಮುಂದುವರಿಸಬಹುದು.

ಬರೆದದ್ದನ್ನು ಮಗಳಿಗೆ ಓದಲು ಕೊಟ್ಟೆ. ಪೂರ್ತಿ ಓದಿ, "ಇದು ಪೇಪರಲ್ಲಿ ಬಂದ್ಮೇಲೆ ನಾವು ಕಾಮಾಲೆ ಚೀಟಿ ತರೋಕೂ ಆಗಲ್ಲ, ಗೊತ್ತಲ್ಲ?" ಎಂದಳು.

"ಗೊತ್ತು. ಬೇಡ ಅಂದ್ರೆ ಹರಿದು ಹಾಕ್ತೀನಿ."

ಅವಳು ಒಂದು ಲಕೋಟೆ ತಂದಳು. ಅದರ ಮೇಲೆ ಪತ್ರಿಕೆಯ ವಿಳಾಸವನ್ನು ತಾನೇ ಬರೆದಳು.

ಪ್ರವೇಶದ ಕೊನೆಯ ದಿನ ನಾವಿಬ್ಬರೂ ನಿಮ್ಮ ಕಚೇರಿಗೆ ಬರುತ್ತೇವೆ. ಕಾರಣವೇನು ಎಂದು ಅವಳನ್ನೇ ಕೇಳಿ. ಎದ್ದು ನಿಂತು ಹೇಳುತ್ತಾಳೆ. ಚಪ್ಪಾಳೆ ಬೇಡ, ಹೇಳಿದ್ದನ್ನು ಹೇಳಿದ ಹಾಗೇ ಬರೆದುಕೊಳ್ಳಿ, ಸಾಕು.

ಇಂತಿ,
ಮನೆಮಂದಿಯೆಲ್ಲ ಆರೋಗ್ಯವಾಗಿರುವ ತಪ್ಪಿಗೆ ನಿಮ್ಮ ಬಾಗಿಲಲ್ಲಿ ನಿಂತಿರುವ
ಒಬ್ಬ ತಾಯಿ