ಇಪ್ಪತ್ತೊಂಬತ್ತು ಉಸಿರು

ಮಾರ್ಚ್ 3, ಸೋಮವಾರ. ಸಂಜೆ

ಇವತ್ತು ಹೊಟ್ಟೆನೋವು. ಬಲಗಡೆ, ಕೆಳಗೆ. ಒತ್ತಿದರೆ ಮುಖ ಕಿವುಚಬೇಕು, ಕೈ ತೆಗೆದಾಗ ಇನ್ನೂ ಜಾಸ್ತಿ ಕಿವುಚಬೇಕು. ಎಂಟು ಹುಡುಗೀರು ಬಂದು ಒತ್ತಿ ಹೋದರು. ಏಳನೆಯವಳಿಗೆ ಉಗುರು ಉದ್ದ. ಅದೊಂದು ನೋವು ಮಾತ್ರ ನಿಜ.

ಬರೆದಿಟ್ಟುಕೊಳ್ಳದಿದ್ದರೆ ಮರೀತೀನಿ. ಹೋದ ತಿಂಗಳು ಎದೆನೋವಿನ ದಿನ ಸಕ್ಕರೆ ಕಾಯಿಲೆಯ ಮಾತು ಹೇಳಿ ನಗೆಪಾಟಲಾಯ್ತು. ಅದಕ್ಕೇ ಈ ಪುಸ್ತಕ. ಕಾಯಿಲೆ ಬರೆಯೋಕೆ ಅಂತ ಕೂರ್ತೀನಿ, ಬೇರೆ ಏನೇನೋ ಬರುತ್ತೆ.

ನರ್ಸಿಂಗ್ ಶಾಲೆಯಲ್ಲಿ ನನ್ನ ಕೆಲಸಕ್ಕೆ ಏನೋ ಉದ್ದದ ಹೆಸರಿದೆ. ಹುಡುಗೀರು ಪೇಷಂಟಮ್ಮ ಅಂತಾರೆ. ಹಾಸಿಗೆ ಮೇಲೆ ಮಲಗಿ ಕಾಯಿಲೆಯವಳ ಹಾಗೆ ಇರೋದು, ಅವರು ನನ್ನ ಮೇಲೆ ಕಲಿಯೋದು. ಅಕ್ಕ ದಿನಾ ಒಂದೇ ತಮಾಷೆ ಮಾಡ್ತಾಳೆ. ಇವತ್ತು ಯಾವ ಕಾಯಿಲೆ, ಸಂಜೆ ಮನೆಗೆ ಬರ್ತೀಯೋ ಅಡ್ಮಿಟ್ ಮಾಡ್ಕೋತಾರೋ ಅಂತ. ಹೊಲಿಗೆ ಮಿಷನ್‌ನಿಂದ ತಲೆ ಎತ್ತೋದಿಲ್ಲ. ಭಾವ ತೀರಿಹೋದಮೇಲೆ ಅವಳಿಗೆ ಉಳಿದಿರೋ ತಮಾಷೆ ಇದೊಂದೇ. ಸಿಟ್ಟು ಬಂದರೂ ನಗ್ತೀನಿ.

ಇವತ್ತು ಸಿಟ್ಟು ಬಂದಿದ್ದು ಬೇರೆ ವಿಷಯಕ್ಕೆ. ಎಂಟು ಜನರಲ್ಲಿ ಒಬ್ಬಳು ಮಾತ್ರ ಮುಟ್ಟೋ ಮುಂಚೆ ಕೇಳಿದಳು. ಮಿಕ್ಕವರಿಗೆ ನಾನು ಬೆಂಚು.

ಮಾರ್ಚ್ 6, ಗುರುವಾರ

ಟ್ಯೂಟರ್ ಮೇಡಮ್ ಕ್ಲಾಸಿನಲ್ಲಿ ಕೂರಿಸಿಕೊಂಡರು. ನೀವೂ ಪಾಠ ಮಾಡೋರೇ ಅಲ್ವಾ ಅಂದರು. ಕೋಟಿನ ಮೇಲೆ ತಲೆಕೆಳಗಾಗಿ ವಾಚು ಚುಚ್ಚಿಕೊಂಡಿರ್ತಾರೆ, ಬಗ್ಗಿ ನೋಡಿದರೆ ಅವರಿಗೆ ನೇರ ಕಾಣುತ್ತೆ. ಹೊಸಬರು. ಕೂಗಾಡೋದಿಲ್ಲ. ಹುಡುಗಿ ತಪ್ಪು ಮಾಡಿದರೆ, ನಿನಗೆ ಏನು ಕಾಣ್ತು ಮೊದಲು ಅದು ಹೇಳು ಅಂತಾರೆ. ಆಮೇಲೆ ನನ್ನ ಕಡೆ ತಿರುಗಿ, ಹಾಸಿಗೆಯಿಂದ ಹೇಗೆ ಕಾಣ್ತು ಅಂತ ಕೇಳ್ತಾರೆ. ಮೊದಲ ಸಲ ಕೇಳಿದಾಗ ಬೇರೆ ಯಾರನ್ನೋ ಅಂತ ಹಿಂದೆ ತಿರುಗಿ ನೋಡಿದ್ದೆ.

ಇವತ್ತು ಗೋಡೆಗೆ ನಲವತ್ತು ರೋಗಿಗಳ ಚಾರ್ಟ್ ಅಂಟಿಸಿದ್ದರು. ಹುಡುಗೀರೇ ಹೋದ ವಾರ ವಾರ್ಡಿನಲ್ಲಿ ಬರೆದದ್ದು. ಇದರಲ್ಲಿ ವಿಚಿತ್ರ ಏನಿದೆ ಹುಡುಕಿ ಅಂದರು, ಹೋಗಿ ಕಿಟಕಿ ಹತ್ತಿರ ನಿಂತರು. ಐದು ನಿಮಿಷ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಒಬ್ಬಳು ಕಿಸಕ್ಕಂದಳು. ಉಸಿರಿನ ಸಾಲಿನಲ್ಲಿ ನಲವತ್ತು ಜನಕ್ಕೂ ಇಪ್ಪತ್ತು. ಮುದುಕನಿಗೂ ಇಪ್ಪತ್ತು, ನ್ಯುಮೋನಿಯಾಗೂ ಇಪ್ಪತ್ತು. ಯಾರೂ ಎಣಿಸಿಲ್ಲ.

ಆಮೇಲೆ ನನ್ನ ಕೈ ಹಿಡಿದು ತೋರಿಸಿದರು. ನಾಡಿ ನೋಡೋ ಹಾಗೆ ಮಣಿಕಟ್ಟು ಹಿಡಿದಿರಬೇಕು, ಕಣ್ಣು ಮಾತ್ರ ಎದೆ ಮೇಲೆ. ಉಸಿರು ಎಣಿಸ್ತೀನಿ ಅಂತ ಹೇಳಿದರೆ ಮನುಷ್ಯ ಉಸಿರು ಬದಲಾಯಿಸ್ತಾನೆ. ಪೂರ್ತಿ ಒಂದು ನಿಮಿಷ. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸಿದರೆ ಯಾವಾಗಲೂ ಸಮಸಂಖ್ಯೆ ಬರುತ್ತೆ. ಚಾರ್ಟಿನಲ್ಲಿ ಹತ್ತೊಂಬತ್ತೋ ಇಪ್ಪತ್ಮೂರೋ ಕಂಡರೆ ಆ ನರ್ಸಿಗೆ ಮನಸ್ಸಿನಲ್ಲೇ ಕೈ ಮುಗೀತೀನಿ ಅಂದರು.

ನಾನು ನೀರು ಕುಡಿಯೋ ನೆಪ ಮಾಡಿ ಹೊರಗೆ ಬಂದೆ. ಆಸ್ಪತ್ರೆಯಲ್ಲಿ ಭಾವನ ಮಂಚದ ಕಾಲ ಹತ್ತಿರ ತೂಗಿದ್ದ ಕಾಗದದಲ್ಲೂ ಹೀಗೇ ಇತ್ತು. ಇಪ್ಪತ್ತು, ಇಪ್ಪತ್ತು, ಇಪ್ಪತ್ತು. ಮೂರು ದಿನ. ಆಮೇಲೆ ಖಾಲಿ.

ಮಾರ್ಚ್ 10, ಸೋಮವಾರ

ಬುಧವಾರ ಪರೀಕ್ಷೆ. ನನ್ನ ಕಾಯಿಲೆ: ಆಪರೇಷನ್ ಆಗಿ ಎರಡು ದಿನ, ಹೊಟ್ಟೆ ಮೇಲೆ ಬ್ಯಾಂಡೇಜ್, ಉಸಿರು ಜೋರು. ಯಾರಾದರೂ ಕೇಳಿದರೆ ಚೆನ್ನಾಗಿದೀನಿ ಅನ್ನಬೇಕು.

ಉಸಿರು ಹೇಗೆ ಅಂತ ಟ್ಯೂಟರ್ ಮೇಡಮ್ ಅಭ್ಯಾಸ ಮಾಡಿಸಿದರು. ಎದುರಿಗೆ ಗೋಡೆ ಗಡಿಯಾರ. ಒಂದು ಟಿಕ್ಕಿಗೆ ಒಳಗೆ, ಒಂದು ಟಿಕ್ಕಿಗೆ ಹೊರಗೆ. ನಿಮಿಷಕ್ಕೆ ಮೂವತ್ತು. ಆಳವಾಗಿ ಬೇಡ, ತಲೆ ಸುತ್ತುತ್ತೆ, ಮೇಲೆ ಮೇಲೆ ಅಂದರು. ಹೊಲಿಗೆ ಮಿಷನ್ ತುಳಿಯೋ ಹೆಜ್ಜೆ ಥರ ಅದು, ಸುಲಭವಾಗಿ ಬಂತು.

ಒಬ್ಬೊಬ್ಬರಿಗೆ ಎಂಟು ನಿಮಿಷ. ಅಷ್ಟರಲ್ಲಿ ಜ್ವರ, ನಾಡಿ, ಉಸಿರು, ಬಿಪಿ, ಬ್ಯಾಂಡೇಜ್ ಬದಲಾಯಿಸೋದು, ಬರೆಯೋದು. ಬಸ್ಸಿನಲ್ಲಿ ಬೆರಳು ಮಡಚಿ ಲೆಕ್ಕ ಹಾಕಿದೆ. ಸಾಲೋದಿಲ್ಲ. ಹತ್ತು ನಿಮಿಷವಾದರೂ ಬೇಕು. ಹೇಳೋಣ ಅಂತ ಎರಡು ಸಲ ಬಾಯಿ ತೆರೆದಿದ್ದೆ. ನಾನ್ಯಾರು ಹೇಳೋಕೆ. ಎಂಟನೇ ಕ್ಲಾಸು ಅರ್ಧಕ್ಕೆ ಬಿಟ್ಟವಳು. ಈಗ ನಿದ್ದೆ ಬರಲ್ಲ ಇದೇ ಯೋಚನೆಗೆ... ಹಾಳಾಗಿ ಹೋಗಲಿ.

ಮಾರ್ಚ್ 12, ಬುಧವಾರ

ಇಪ್ಪತ್ತನಾಲ್ಕು ಹುಡುಗೀರು. ಬೆಳಿಗ್ಗೆ ಹನ್ನೆರಡು, ಊಟದ ಮೇಲೆ ಹನ್ನೆರಡು. ಒಬ್ಬೊಬ್ಬಳಿಗೂ ಮಧ್ಯೆ ಮೂರು ನಿಮಿಷ ಬಿಡುವು. ಬೆನ್ನು ಹಲಗೆ ಆಗಿದೆ.

ಎಲ್ಲರೂ ಮಣಿಕಟ್ಟು ಹಿಡಿದರು, ಎಲ್ಲರೂ ವಾಚು ನೋಡಿದರು. ಒಬ್ಬಳನ್ನ ಬಿಟ್ಟು ಯಾರೂ ನನ್ನ ಎದೆ ನೋಡಲಿಲ್ಲ. ಮೂಲೆಯಲ್ಲಿ ಕೂತಿದ್ದ ಹೊರಗಿನ ಪರೀಕ್ಷಕರು ಟಿಕ್ ಹಾಕ್ತಾ ಹೋದರು. ಅವರಿಗೂ ಕೈ ಕಾಣುತ್ತೆ, ಕಣ್ಣು ಎಲ್ಲಿದೆ ಕಾಣಲ್ಲ. ಹಾಸಿಗೆಯಿಂದ ಮಾತ್ರ ಕಾಣುತ್ತೆ. ಹದಿನೈದು ಸೆಕೆಂಡಿಗೇ ಕೈ ಬಿಟ್ಟು ಬ್ಯಾಂಡೇಜಿಗೆ ಓಡೋರು. ನಾನು ಮೇಲುಸಿರು ಬಿಡ್ತಾ ಮಲಗಿದೀನಿ, ಇವಳು ಬರೀತಿದಾಳೆ... ಎದ್ದು ಕೂತು ಕೆನ್ನೆಗೆ ಒಂದು ಬಿಡೋಣ ಅನ್ನಿಸ್ತು. ನಾಲ್ಕು ಸಲ ಅನ್ನಿಸ್ತು.

ಹದಿನೇಳನೆಯವಳು ಆಮೆ. ಗೆಳತಿಯರೇ ಇಟ್ಟ ಹೆಸರು. ಎಲ್ಲದರಲ್ಲೂ ನಿಧಾನ. ಹೊಟ್ಟೆನೋವಿನ ದಿನ ಮುಟ್ಟೋ ಮುಂಚೆ ಕೇಳಿದ್ದೂ ಇವಳೇ. ಕೈ ಉಜ್ಜಿ ಬೆಚ್ಚಗೆ ಮಾಡಿಕೊಂಡು ಹಿಡಿದಳು. ಕಣ್ಣು ನನ್ನ ಎದೆ ಮೇಲೆ. ತುಟಿ ಅಲ್ಲಾಡ್ತಿತ್ತು. ಪೂರ್ತಿ ನಿಮಿಷ. ಬರೆದಳು, ಮುಖ ಬಿಳಿಚಿತು. ಬಗ್ಗಿ ಮೆಲ್ಲಗೆ, "ಅಮ್ಮ, ಉಸಿರಾಡೋಕೆ ಕಷ್ಟ ಆಗ್ತಿದೆಯಾ?" ಅಂದಳು.

ಚೆನ್ನಾಗಿದೀನಿ ಅಂದೆ. ಹಾಗೆ ಹೇಳಬೇಕಿತ್ತಲ್ಲ. ನಂಬಲಿಲ್ಲ. ದಿಂಬು ಎತ್ತರ ಮಾಡಿ ಒರಗಿಸಿದಳು. ಬ್ಯಾಂಡೇಜ್ ಬಿಚ್ಚೋಷ್ಟರಲ್ಲಿ ಗಂಟೆ ಹೊಡೀತು, ಎಂಟು ನಿಮಿಷ ಮುಗೀತು.

ಇವಳಿಗೆ ಇದು ಎರಡನೇ ಸಲ. ಈ ಸಲವೂ ಫೇಲಾದರೆ ಶಾಲೆಯಿಂದಲೇ ಹೊರಗೆ.

ಮಾರ್ಚ್ 13, ಗುರುವಾರ

ಇಪ್ಪತ್ಮೂರು ಜನ ಇಪ್ಪತ್ತೋ ಹದಿನೆಂಟೋ ಬರೆದಿದಾರೆ. ಆಮೆ ಒಬ್ಬಳು ಇಪ್ಪತ್ತೊಂಬತ್ತು.

ಮೂವತ್ತು ಅಂತ ಬರೆದಿದ್ದರೆ ಊಹೆ ಇರಬಹುದು ಅನ್ನಬಹುದಿತ್ತು. ಇಪ್ಪತ್ತೊಂಬತ್ತು ಯಾರೂ ಊಹಿಸೋದಿಲ್ಲ. ಎಣಿಸಿದವರಿಗೆ ಮಾತ್ರ ಸಿಗೋದು.

ನನಗೆ ಖುಷಿ ಆಗಿತ್ತು, ಪೆದ್ದಿ. ಪ್ರಿನ್ಸಿಪಾಲರು ಕರೆಸಿದರು. ಇಪ್ಪತ್ಮೂರು ಜನ ತಪ್ಪು, ಒಬ್ಬಳು ಸರಿ ಅಂದರೆ ಯಾರು ಒಪ್ತಾರೆ ಅಂದರು. ಅಂದಮೇಲೆ ತಪ್ಪಿದ್ದು ನಾನೇ ಅಂತೆ. ಸುಸ್ತಾಗಿ ನಿಧಾನಕ್ಕೆ ಉಸಿರಾಡಿರ್ತೀನಂತೆ. ಹಾಗಂದರೆ ಇಪ್ಪತ್ಮೂರು ಜನ ಪಾಸು, ಆಮೆ ಫೇಲು. ನಾನು ಇಲ್ಲ ಸರ್ ಅಂದೆ. ಗಡಿಯಾರ ನೋಡ್ಕೊಂಡೇ ಮಾಡಿದೆ ಅಂದೆ. ಅವರು ಫೈಲು ತಿರುವುತ್ತಾ, "ನೀವು ಎಷ್ಟನೇ ಕ್ಲಾಸು ಓದಿದೀರಿ?" ಅಂದರು.

ಅಷ್ಟೇ. ಬಾಯಿ ಹೊಲಿದ ಹಾಗಾಯ್ತು. ಇದೇ ಮಾತು. ಇದೇ ಮಾತನ್ನ ಇನ್ನೊಂದು ಕಡೆ ಕೇಳಿಸಿಕೊಂಡಿದ್ದೆ.

ಮಾರ್ಚ್ 14, ಶುಕ್ರವಾರ. ಬೆಳಿಗ್ಗೆ 7

ನಿಜವಾಗಲೂ ನಾನೇ ತಪ್ಪಿದ್ದರೆ? ಊಟ ಆದಮೇಲೆ ಕಣ್ಣು ಎಳೀತಿತ್ತು. ಗಡಿಯಾರದ ಟಿಕ್ ತಪ್ಪಿರಬಹುದು. ಗಡಿಯಾರವೇ ನಿಧಾನ ಇದ್ದರೆ? ಸೆಲ್ ಯಾವಾಗ ಹಾಕಿದ್ದೋ.

ರಾತ್ರಿ 11

ಅಕ್ಕನ ಕೈಯಲ್ಲಿ ಫೋನಿನ ವಾಚು ಕೊಟ್ಟು ನೆಲದ ಮೇಲೆ ಮಲಗಿದೆ. ಎಣಿಸು ಅಂದೆ. ಹುಚ್ಚು ಹಿಡಿದಿದೆಯೇನೇ ಅಂದಳು, ಆದರೂ ಎಣಿಸಿದಳು. ಮೂವತ್ತು. ಮೂವತ್ತೊಂದು. ಊಟ ಮಾಡಿ ಮತ್ತೆ ಮಲಗಿದೆ, ಬೇಕಂತಲೇ ಜಾಸ್ತಿ ತಿಂದು. ಇಪ್ಪತ್ತೊಂಬತ್ತು. ಮೂವತ್ತು.

ಕಡೆಗೆ ಅಕ್ಕ ಫೋನು ಕೆಳಗಿಟ್ಟಳು. ಇಷ್ಟು ಜೋರು ಉಸಿರು ದೂರದಿಂದಲೇ ಗೊತ್ತಾಗುತ್ತಲ್ಲೇ ಅಂದಳು. ಆಮೇಲೆ, "ಅವರಿಗೂ ಹೀಗೇ ಇತ್ತಾ ಕೊನೇಗೆ?" ಅಂದಳು. ಅವಳು ಆವಾಗ ಹೊಲಿಗೆ ಆರ್ಡರ್ ಮುಗಿಸೋಕೆ ಮನೆಯಲ್ಲಿದ್ದಳು, ಭಾವನ ಹತ್ತಿರ ಇದ್ದವಳು ನಾನು.

ಗೊತ್ತಿಲ್ಲ ಅಂದೆ.

ಮಾರ್ಚ್ 17, ಸೋಮವಾರ

ಎರಡು ದಿನ ಏನೂ ಬರೆಯಲಿಲ್ಲ. ಬರೆಯೋಕೆ ಕೈ ಬರಲಿಲ್ಲ.

ಇವತ್ತು ಗುಮಾಸ್ತ ಟೈಪ್ ಮಾಡಿದ ಕಾಗದ ಕೊಟ್ಟ. ರೋಗಿಯ ಪಾತ್ರ ವಹಿಸಿದ್ದ ನಾನು ಆಯಾಸದ ಕಾರಣ ಹೇಳಿಕೊಟ್ಟ ವೇಗದಲ್ಲಿ ಉಸಿರಾಡಲಿಲ್ಲ ಅಂತ. ಕೆಳಗೆ ಗೆರೆ. ಸೈನ್ ಮಾಡೋಕೆ ಬರುತ್ತೆ ತಾನೇ ಅಂತ ಬೇರೆ ಕೇಳಿದ. ಇಂಕ್ ಪ್ಯಾಡು ಮೇಜಿನ ಮೇಲೇ ಇತ್ತು, ತೆಗೆದಿಟ್ಟಿದ್ದ.

ಮೈ ಉರಿದುಹೋಯ್ತು. ಕಾಗದ ತಗೊಂಡು ನೇರ ಟ್ಯೂಟರ್ ಮೇಡಮ್ ಹತ್ತಿರ ಹೋದೆ. ಅವರು ಕಿಟಕಿ ಕಡೆ ನೋಡ್ತಾ ಮಾತಾಡಿದರು. ಮುಂದಿನ ವಾರ ಇನ್‌ಸ್ಪೆಕ್ಷನ್ ಅಂತೆ. ಇಪ್ಪತ್ಮೂರು ಜನ ಫೇಲ್ ಅಂದರೆ ಪಾಠವೇ ಸರಿ ಇಲ್ಲ ಅಂತಾರಂತೆ. ಅವರ ಕೆಲಸ ಇನ್ನೂ ಪರ್ಮನೆಂಟ್ ಆಗಿಲ್ಲವಂತೆ. ಆಮೆಗೆ ಮುಂದೆ ಏನಾದರೂ ಮಾಡೋಣ ಅಂದರು.

ಏನು ಮಾಡ್ತಾರೆ ಮುಂದೆ. ಮನೆಗೆ ಕಳಿಸಿದ ಮೇಲೆ.

ಅಲ್ಲಿಯವರೆಗೆ ಹೊಟ್ಟೆಯಲ್ಲಿದ್ದದ್ದೆಲ್ಲಾ ಹೊರಗೆ ಬಂತು. ಎಂಟು ನಿಮಿಷದಲ್ಲಿ ಆರು ಕೆಲಸ ಕೊಟ್ಟು ಎಣಿಸಿ ಅಂದರೆ ಯಾರು ಎಣಿಸ್ತಾರೆ ಮೇಡಮ್ ಅಂದೆ. ಕ್ಲಾಸಿನಲ್ಲಿ ಎಣಿಸೋದು ಕಲಿಸಿದಿರಿ, ಪರೀಕ್ಷೆಯಲ್ಲಿ ಎಣಿಸದೇ ಇರೋದು ಕಲಿಸಿದಿರಿ. ನೀವು ಹೇಳಿದ್ದನ್ನ ಪೂರ್ತಿ ನಂಬಿದವಳು ಒಬ್ಬಳೇ, ಅವಳನ್ನೇ ಹೊರಗೆ ಹಾಕ್ತೀರಿ.

ಅವರು ಕೋಟಿನ ವಾಚು ಮುಟ್ಟಿಕೊಳ್ತಾ ನಿಂತಿದ್ದರು.

ಹೊರಗೆ ಮೆಟ್ಟಿಲ ಮೇಲೆ ಆಮೆ. ಟ್ರಂಕು ಮನೆಗೆ ತಗೊಂಡು ಹೋಗೋಕೆ ಬಾ ಅಂತ ಅಣ್ಣನಿಗೆ ಫೋನ್ ಮಾಡ್ತಿದ್ದಳು. ನನ್ನ ನೋಡಿ ಫೋನ್ ಕೆಳಗಿಟ್ಟು, ನಾನು ತಪ್ಪು ಎಣಿಸಿದೆನಾ ಅಮ್ಮ ಅಂದಳು. ನನ್ನ ಮೇಲೆ ಸಿಟ್ಟಿಲ್ಲ ಅವಳಿಗೆ. ತನ್ನ ಮೇಲೇ ಅನುಮಾನ. ಅದನ್ನ ನೋಡಿ ನನಗೆ ಇನ್ನೂ ಸಿಟ್ಟು ಬಂತು.

ಸರಿಯಾಗೇ ಎಣಿಸಿದೆ ಅಂದೆ. ಟ್ರಂಕು ಈಗಲೇ ಬೇಡ ಅಂದೆ. ಯಾವ ಧೈರ್ಯದ ಮೇಲೆ ಅಂದೆನೋ.

ಮಾರ್ಚ್ 18, ಮಂಗಳವಾರ. ಸಂಜೆ

ಎಲ್ಲಾ ಬರೆದಿಡಬೇಕು, ಮರೆಯೋ ಮುಂಚೆ.

ಪ್ರಿನ್ಸಿಪಾಲರ ರೂಮು. ಅವರು, ಹೊರಗಿನ ಪರೀಕ್ಷಕರು, ಟ್ಯೂಟರ್ ಮೇಡಮ್. ನನಗೂ ಕುರ್ಚಿ ಕೊಟ್ಟರು. ಕಾಗದ ಮೇಜಿನ ಮೇಲೆ, ಪೆನ್ನು ಅದರ ಮೇಲೆ. ಪ್ರಿನ್ಸಿಪಾಲರ ತಲೆ ಹಿಂದೆ ಗೋಡೆ ಗಡಿಯಾರ. ಟಿಕ್ ಕೇಳಿಸ್ತಿತ್ತು. ಹೆದರಿಕೆಗೆ ಏನು ಮಾಡೋದು ಗೊತ್ತಾಗದೆ, ಬರೋದೊಂದೇ ವಿದ್ಯೆ, ಶುರು ಮಾಡಿದೆ. ಒಂದು ಟಿಕ್ ಒಳಗೆ. ಒಂದು ಟಿಕ್ ಹೊರಗೆ.

ಪ್ರಿನ್ಸಿಪಾಲರು ತುಂಬಾ ಹೊತ್ತು ಮಾತಾಡಿದರು. ಶಾಲೆ ಮರ್ಯಾದೆ ಅಂದರು. ನಿಮ್ಮ ಕೆಲಸಕ್ಕೇನೂ ತೊಂದರೆ ಇಲ್ಲ, ಬರೀ ಒಂದು ಸೈನ್ ಅಂದರು. ಪರೀಕ್ಷಕರು ಟಿಕ್ ಹಾಕಿದ ಹಾಳೆ ತೋರಿಸಿದರು, ಎಲ್ಲರೂ ಎಣಿಸಿದ್ದಾರೆ ಅಂತ ಇದೆ ನೋಡಿ ಅಂದರು. ಹತ್ತು ನಿಮಿಷ ಆಗಿರಬೇಕು. ನಾನು ಹಾಗೇ ಇದ್ದೆ. ತಲೆ ಹಗುರ ಆಗ್ತಾ ಬಂತು. ಕೊನೆಗೆ ಪ್ರಿನ್ಸಿಪಾಲರು, ಏನಂತೀರಿ ಅಂದರು.

"ಸರ್, ಇಲ್ಲಿ ಕೂತಾಗಿಂದ ನನ್ನ ಉಸಿರು ನಿಮಿಷಕ್ಕೆ ಎಷ್ಟಿದೆ?"

ಪ್ರಿನ್ಸಿಪಾಲರು ಪರೀಕ್ಷಕರ ಮುಖ ನೋಡಿದರು. ಪರೀಕ್ಷಕರು ನನ್ನ ಕಡೆ ಒಂದು ಸಲ ಕಣ್ಣು ಹಾಯಿಸಿ, ನಾರ್ಮಲ್, ಹದಿನೆಂಟೋ ಇಪ್ಪತ್ತೋ ಇರಬಹುದು ಅಂದರು.

ಗಡಿಯಾರದ್ದೇ ಸದ್ದು.

"ಮೂವತ್ತೊಂದು," ಅಂದರು ಟ್ಯೂಟರ್ ಮೇಡಮ್. ತಲೆ ತಗ್ಗಿಸಿ ಕೂತಿದ್ದರು, ನಾಚಿಕೆಗೆ ಅಂದುಕೊಂಡಿದ್ದೆ. ವಾಚು ನೋಡ್ತಿದ್ದರು. "ಎರಡು ಸಲ ಎಣಿಸಿದೆ. ಮೊದಲ ಸಲ ಮೂವತ್ತು."

ಆಮೇಲೆ ಎದ್ದು ಬಂದು ಆ ಕಾಗದ ತಗೊಂಡು ನಾಲ್ಕು ಮಡಿಕೆ ಮಾಡಿ ತಮ್ಮ ಕೋಟಿನ ಜೇಬಿಗೆ ಹಾಕಿಕೊಂಡರು. ಎಂಟು ನಿಮಿಷ ಕೊಟ್ಟಿದ್ದು ನನ್ನ ತಪ್ಪು, ಇನ್‌ಸ್ಪೆಕ್ಷನ್‌ನವರಿಗೂ ನಾನೇ ಹೇಳ್ತೀನಿ ಅಂದರು. ಅವರು ಪರ್ಮನೆಂಟ್ ಆಗೋದು ಇನ್ನು ಕನಸೇ.

ಪ್ರಿನ್ಸಿಪಾಲರು ನನ್ನನ್ನ ಹೊರಗೆ ಕಳಿಸಿದರು. ಬಾಗಿಲು ಹಾಕಿದಮೇಲೆ ಜೋರು ಮಾತು ಕೇಳಿಸ್ತು. ನಾನು ಕಾರಿಡಾರಿನ ಬೆಂಚಿನ ಮೇಲೆ ಕೂತು ನಿಧಾನ ಉಸಿರಾಡೋದನ್ನ ಮತ್ತೆ ಕಲಿತೆ.

ಮಾರ್ಚ್ 20, ಗುರುವಾರ. ಮಧ್ಯಾಹ್ನ

ಎಲ್ಲರಿಗೂ ಸೋಮವಾರ ಮತ್ತೆ ಪರೀಕ್ಷೆ. ಹನ್ನೆರಡು ನಿಮಿಷ. ಆಮೆಯೂ ಬ್ಯಾಂಡೇಜ್ ಮತ್ತೆ ಮಾಡಬೇಕು, ಉಸಿರಿನ ಅಂಕ ಹಾಗೇ ಇರುತ್ತೆ. ಹುಡುಗೀರು ನನ್ನ ಕಡೆ ನೋಡೋದಿಲ್ಲ. ಪೇಷಂಟಮ್ಮ ಬಾಯಿ ಬಿಟ್ಟಳು ಅಂತ. ಬಿಟ್ಟೆ, ಏನೀಗ. ಈಗಲಾದರೂ ನನ್ನ ಎದೆ ನೋಡಲಿ.

ಅಕ್ಕನಿಗೆ ಎಲ್ಲಾ ಹೇಳಿದೆ. ಪ್ರಿನ್ಸಿಪಾಲರು ಕ್ಲಾಸು ಕೇಳಿದ್ದನ್ನೂ ಹೇಳಿದೆ. ಅಕ್ಕ ದಾರ ಹಲ್ಲಿನಲ್ಲಿ ಕಡಿದು, ಬಾಯಿ ಇರೋಳು ಕಣೇ ನೀನು, ನಾನು ಯಾವತ್ತೂ ಅಂದುಕೊಂಡಿರಲಿಲ್ಲ ಅಂದಳು. ಹೆಮ್ಮೆಯಿಂದ ಅಂದಳು. ಕೊನೇಗಾಲಕ್ಕೆ ನೀನು ಪಕ್ಕದಲ್ಲಿದ್ದೆಯಲ್ಲ, ನಿನ್ನ ಭಾವನಿಗೆ ಅದೊಂದು ಭಾಗ್ಯ ಅಂದಳು.

ಆವಾಗಿನಿಂದ ಇಲ್ಲಿ ಬಂದು ಕೂತಿದೀನಿ. ಆ ಕಡೆ ಮಿಷನ್ ಓಡ್ತಿದೆ.

ಮೂರು ವರ್ಷದಿಂದ ಭಾವನ ವಾರ್ಡಿನ ಆ ನರ್ಸಿಗೆ ಬೈತಾ ಬಂದೆ. ಬೈಯೋದು ಸುಲಭ. ಭಾವನಿಗೆ ಮೇಲುಸಿರು ಬರ್ತಿದೆ ಸಿಸ್ಟರ್ ಅಂದಿದ್ದೆ, ಎರಡನೇ ದಿನ. ಅವಳು ಚಾರ್ಟ್ ತೋರಿಸಿದಳು, ಇಪ್ಪತ್ತಿದೆಯಲ್ಲ ಅಂದಳು. ನೀನೆಷ್ಟು ಓದಿದೀಯ ಅಂದಳು. ಅದಾದಮೇಲೆ ಒಂದು ರಾತ್ರಿ, ಒಂದು ಪೂರ್ತಿ ಹಗಲು ಆ ಸ್ಟೂಲಿನ ಮೇಲೆ ಕೂತು ನೋಡ್ತಿದ್ದೆ. ಕಾಣ್ತಿತ್ತು ನನಗೆ. ಡಾಕ್ಟರು ಎರಡು ಸಲ ಮಂಚದ ಪಕ್ಕದಲ್ಲೇ ಹಾದುಹೋದರು. ನಾನು ಸ್ಟೂಲಿಂದ ಏಳಲಿಲ್ಲ.

ಮಿಷನ್ ನಿಂತಿತು. ಟೀ ಮಾಡ್ತೀಯಾ ಅಂತ ಕೂಗ್ತಿದಾಳೆ. ಈಗ ಹೋಗಿ ಇದನ್ನ ಹೇಳಬೇಕು, ಇನ್ನು ಮುಂದಕ್ಕೆ ಹಾಕಿದರೆ ಆಗೋದಿಲ್ಲ. ಸಿಸ್ಟರಿಗೆ ಒಂದು ಸಲ ಹೇಳಿದೆ ಅಕ್ಕ. ಎರಡನೇ ಸಲ ನಾನು —