ಕಂದು ಗಿಟಾರು, ನೀಲಿ ಗಿಟಾರು

ಆಗಸ್ಟ್ 16, ಶನಿವಾರ

ಬೆಳಗ್ಗೆ ಶ್ರೀಲಕ್ಷ್ಮಿಯ ಭುಜಕ್ಕೆ ಬಿಸಿ ಪ್ಯಾಕ್. ಆಮೇಲೆ ಗೋಡೆಯ ಮೇಲೆ ಬೆರಳು ಹತ್ತಿಸುವ ವ್ಯಾಯಾಮ, ವೆಸ್ಟ್‌ಮೀಡ್‌ನ ಫಿಸಿಯೋ ಹೇಳಿಕೊಟ್ಟದ್ದು. ಇವತ್ತು ಕ್ಯಾಲೆಂಡರಿನ ಮೊಳೆಯ ತನಕ ಹೋಯಿತು. ಕಾಫಿ ಹಿಡಿದುಕೊಂಡು ಕೊನೆಯ ಓವರ್ ನೋಡುವವನ ಹಾಗೆ ನಿಂತಿದ್ದೆ.

"ಹಾಗೆ ನೋಡ್ಬೇಡಿ ರೀ, ಬೆರಳು ನಾಚ್ಕೊಳ್ಳುತ್ತೆ" ಎಂದಳು.

ಎಡಭುಜ ಬಿಗಿದುಕೊಂಡು ಇಲ್ಲಿಯ ಚಳಿಗಾಲ ಪೂರ್ತಿ ಕಳೆಯಿತು. ವೀಣೆಯ ದಂಡಿಯ ಉದ್ದಕ್ಕೂ ಕೈ ಚಾಚಲು ಆಗುವುದಿಲ್ಲ. ವೀಣೆ ಹಾಲಿನ ಮೂಲೆಯಲ್ಲಿ, ಮೇಲೆ ಹಳೇ ರೇಷ್ಮೆ ಸೀರೆ. ಶನಿವಾರವೆಂದರೆ ಕ್ವೇಕರ್ಸ್ ಹಿಲ್‌ನ ಈ ಮನೆ ಬಾಗಿಲಲ್ಲಿ ವೀಣೆ ಪಾಠಕ್ಕೆ ಬರುವ ಮಕ್ಕಳ ಶೂಗಳ ರಾಶಿ ಇರುತ್ತಿತ್ತು. ಎಡವಿ ಬೈಯುತ್ತಿದ್ದೆ. ಈಗ ಬಾಗಿಲು ಖಾಲಿ. ಮಕ್ಕಳನ್ನೆಲ್ಲ ತಾನೇ ಫೋನ್ ಮಾಡಿ ಬ್ಲ್ಯಾಕ್‌ಟೌನ್‌ನ ಇನ್ನೊಬ್ಬ ಟೀಚರ್ ಹತ್ತಿರ ಸೇರಿಸಿದಳು. ಎಡವುವುದಕ್ಕೂ ಒಂದು ಶೂ ಇಲ್ಲ... ಬೇಜಾರು.

ಊಟಕ್ಕೆ ಕೂತಾಗ ಸಾರು ಬಡಿಸುತ್ತಾ ಹೇಳಿದಳು: "ಈ ಸಲ ವಿಜಯದಶಮಿಗೆ ನುಡಿಸೋಕೆ ಆಗ್ಲಿಲ್ಲ ಅಂದ್ರೆ, ವೀಣೆ ಯಾರಿಗಾದ್ರೂ ಕೊಟ್ಬಿಡೋಣ. ಸುಮ್ನೆ ಮೂಲೇಲಿ ಕೂರಿಸಬಾರ್ದು."

ವಿಜಯದಶಮಿಯ ದಿನ ನುಡಿಸದ ವರ್ಷವೇ ಇಲ್ಲ ಇವಳಿಗೆ. ಬಾಣಂತನದಲ್ಲೂ ನುಡಿಸಿದ್ದಳು. ಆ ದಿನ ಕೈ ಆಡದಿದ್ದರೆ ವರ್ಷವಿಡೀ ಆಡುವುದಿಲ್ಲವೆಂದು ಅವಳ ಮೈಸೂರಿನ ಟೀಚರು ತಲೆಗೆ ತುಂಬಿದ್ದಾರೆ. ನನಗೆ ನಂಬಿಕೆ ಇಲ್ಲ. ಅವಳಿಗೆ ಇದೆ, ಅದು ಮುಖ್ಯ.

ಮೆಲ್ಬರ್ನ್‌ನಿಂದ ಮಗಳು ಸಾನ್ವಿಯ ಫೋನ್. ಪಿಸುಗುಟ್ಟಿ ವಿಷಯ ಹೇಳಿದೆ. "ಅಪ್ಪಾ, ಎಲೆಕ್ಟ್ರಿಕ್ ಗಿಟಾರ್ ಟ್ರೈ ಮಾಡ್ಸು. ನೆಕ್ ಮೈ ಹತ್ರಾನೇ ಇರುತ್ತೆ. ಶೀ ವೋಂಟ್ ಹ್ಯಾವ್ ಟು ರೀಚ್."

ಗಿಟಾರು! ವೀಣೆ ಶೇಷಣ್ಣನವರ ಊರಿನವಳ ಕೈಗೆ. ಹೇಗೆ ಹೇಳುವುದು ಇವಳಿಗೆ...

ಆಗಸ್ಟ್ 23, ಶನಿವಾರ

ಹೇಳಿದೆ. ಬೈಯಲಿಲ್ಲ. "ನೋಡೋಣ ನಡೀರಿ" ಎಂದಳು. ನಾನು ದಡ್ಡ, ಒಂದು ವಾರ ಭಾಷಣ ತಯಾರಿ ಮಾಡಿಕೊಂಡಿದ್ದೆ.

ಪರಮಟ್ಟಾದ ಅಂಗಡಿ. ಗೋಡೆ ತುಂಬ ಗಿಟಾರುಗಳು. ಕೌಂಟರ್‌ನಲ್ಲಿದ್ದ ಹುಡುಗ ನಮ್ಮ ಮಾತು ಕೇಳಿ ತಾನೇ ಬಂದ. ಆಲ್ರಾಯ್, ಮಂಗಳೂರಿನವನು. "ಎಂತ ಬೇಕಿತ್ತು ಆಂಟಿ?" ಇಡೀ ಪರಮಟ್ಟಾದಲ್ಲಿ ಅದಕ್ಕಿಂತ ಒಳ್ಳೆಯ ಸ್ವಾಗತ ಸಿಗಲಿಕ್ಕಿಲ್ಲ.

ಎರಡು ಇಳಿಸಿಕೊಟ್ಟ. ಒಂದೇ ಕಂಪನಿ, ಒಂದೇ ಆಕಾರ, ಅವಳಿ ಮಕ್ಕಳು. ಒಂದು ಕಂದು ಬಣ್ಣ, ಸಾದಾ, ತಂತಿ ಕಟ್ಟಿದ ಕಬ್ಬಿಣದ ಬ್ರಿಡ್ಜ್ ಮೈಗೆ ಬಿಗಿದು ಕೂತಿದೆ. ಇನ್ನೊಂದು ನೀಲಿ. ಆಹಾ, ಆ ನೀಲಿ. ಒಳಗಿನ ಮರದ ಗೆರೆಗಳು ಬೆಳಕು ಬಿದ್ದ ಕಡೆಗೆಲ್ಲ ಓಡಾಡುತ್ತವೆ. ಬ್ರಿಡ್ಜ್‌ಗೆ ಒಂದು ಸಣ್ಣ ಹಿಡಿಕೆ. ಒತ್ತಿದರೆ ಸ್ವರವೇ ಅಲುಗಾಡುತ್ತದೆ. ಇನ್ನೇನು ಬೇಕು? ಗಮಕಕ್ಕೆ ಹಿಡಿಕೆ ಇಟ್ಟುಕೊಟ್ಟಿದ್ದಾನೆ ಪುಣ್ಯಾತ್ಮ. ತಂತಿ ಎಳೆಯುವ ಶ್ರಮವೇ ಇಲ್ಲ ಇವಳಿಗೆ.

ಎರಡಕ್ಕೂ ಹೊಟ್ಟೆ ಇಲ್ಲ. ಪೂರ್ತಿ ಗಟ್ಟಿ ಮರ. ವೀಣೆಗೆ ಅಷ್ಟು ದೊಡ್ಡ ಕೊಡದಂಥ ಹೊಟ್ಟೆ ಬೇಕು, ಇದು ಹಲಗೆಯಿಂದಲೇ ಹಾಡುತ್ತದೆ. ಮಾಡಿದವರ ಬುದ್ಧಿಗೆ ಕೈ ಮುಗಿಯಬೇಕು.

ಶ್ರೀಲಕ್ಷ್ಮಿ ಸ್ಟೂಲ್ ಬೇಡವೆಂದಳು. ಚಪ್ಪಲಿ ಬಿಟ್ಟು, ಕಾರ್ಪೆಟ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಕಂದು ಗಿಟಾರನ್ನು ತೊಡೆಯ ಮೇಲಿಟ್ಟು ಆರು ತಂತಿಗಳನ್ನೂ ಬಿಗಿದು ಸಡಿಲಿಸಿ ಸ–ಪ–ಸ ಮಾಡಿಕೊಂಡಳು. ದಪ್ಪ ತಂತಿಗಳು ಶ್ರುತಿಗೆ, ಸಣ್ಣವು ನುಡಿಸುವುದಕ್ಕೆ. ಆಂಪ್ ಹಚ್ಚಿದ ಆಲ್ರಾಯ್ ಬಾಯಿ ತೆರೆದು ನಿಂತ. ಇವಳು ತಂತಿಯಡಿಯ ಪಟ್ಟಿಗಳ ನಡುವಿನ ಒಂದೇ ಮನೆಯ ಮೇಲೆ ಬೆರಳಿಟ್ಟು ತಂತಿಯನ್ನು ಪಕ್ಕಕ್ಕೆ ಎಳೆದಳು. ಒಂದು ಸ್ವರದಿಂದ ಇನ್ನೊಂದು, ಅಲ್ಲಿಂದ ಮತ್ತೊಂದು. ಡ್ರಮ್ ಬಡಿಯುತ್ತಿದ್ದ ಒಬ್ಬ ಹುಡುಗ ನಿಲ್ಲಿಸಿಬಿಟ್ಟ. ನಲವತ್ತು ವರ್ಷ ಪಳಗಿದ ಬೆರಳು. ಗರ್ವದಿಂದ ನನ್ನ ಎದೆ ಇಷ್ಟಗಲ.

ನೀಲಿಯನ್ನೂ ಕೊಟ್ಟ. ಒಂದೇ ಸಲ ಎಳೆದಳು, ಕೆಳಗಿಟ್ಟಳು.

"ಕಂದೇ ಸಾಕು ರೀ."

ಗೊತ್ತು ನನಗೆ ಈ "ಸಾಕು". ಫ್ರಿಜ್ ತರುವಾಗಲೂ ಸಣ್ಣದೇ ಸಾಕು. ಸೀರೆ ಅಂಗಡಿಯಲ್ಲಿ ಕಣ್ಣು ಒಂದರ ಮೇಲೆ, ಕೈ ಅದಕ್ಕಿಂತ ಕಡಿಮೆಯದರ ಮೇಲೆ. ಮಾರ್ಟ್‌ಗೇಜ್ ನೆನಪಾಗಿರುತ್ತದೆ ಪಾಪ. ಯೋಚಿಸಿ ಬರುತ್ತೇವೆಂದು ಆಲ್ರಾಯ್‌ಗೆ ಹೇಳಿ ಹೊರಟೆವು.

ನಾನು ಯೋಚಿಸಿ ಆಗಿದೆ.

ಸೆಪ್ಟೆಂಬರ್ 7, ಭಾನುವಾರ

ಇಲ್ಲಿ ಇವತ್ತು ಫಾದರ್ಸ್ ಡೇ. ಹಾಲು ತರುತ್ತೇನೆಂದು ಹೇಳಿ ನೀಲಿ ಗಿಟಾರು ತಂದೆ. ಆಲ್ರಾಯ್ ಇರಲಿಲ್ಲ, ಭಾನುವಾರ ಚರ್ಚಿನಲ್ಲಿ ನುಡಿಸುತ್ತಾನಂತೆ. ಬೇರೆಯವನು ಪ್ಯಾಕ್ ಮಾಡಿಕೊಟ್ಟ. ಒಂದು ತಿಂಗಳೊಳಗೆ ಬದಲಾಯಿಸಬಹುದು, ಹೊಸದರ ಹಾಗೇ ಇದ್ದರೆ, ಎಂದ. ಯಾರು ಬದಲಾಯಿಸುತ್ತಾರೆ ಎಂದುಕೊಂಡೆ.

ಕವರ್ ಬಿಚ್ಚಿದಾಗ ಅವಳ ಮುಖ! ಒಂದು ಕ್ಷಣ ಏನೂ ಇಲ್ಲ. ಆಮೇಲೆ ನಗು.

"ನೀಲೀನಾ..."

"ನೀಲೀನೇ. ನಿನಗೆ ಯಾವಾಗಲೂ ಸಾಕು ಸಾಕು ಅನ್ನೋದೇ ಆಯ್ತು."

"ತುಂಬಾ ಚೆನ್ನಾಗಿದೆ ರೀ" ಎಂದಳು. ಎರಡು ಸಲ ಎಂದಳು.

ಹಿಡಿಕೆ ಒತ್ತಿ ತೋರಿಸಿದೆ. ಅವಳೂ ಒತ್ತಿದಳು. ಸ್ವರ ಕುಯ್ಯೆಂದು ಇಳಿದು ಹತ್ತಿತು. ಇಬ್ಬರೂ ನಕ್ಕೆವು. ಹಾಲು ತರುವುದು ಮರೆತೇ ಹೋಗಿತ್ತು, ಕರಿ ಕಾಫಿ ಕುಡಿದೆವು. ಇಷ್ಟು ಖುಷಿ ಈ ಮನೆಯಲ್ಲಿ ಕಂಡು ಎಷ್ಟು ದಿನವಾಗಿತ್ತು.

ಸೆಪ್ಟೆಂಬರ್ 14, ಭಾನುವಾರ

ದಿನವೂ ಕೂರುತ್ತಾಳೆ. ಭುಜ ನೋಯುತ್ತಿಲ್ಲವಂತೆ. ಸರಳೆ, ಜಂಟಿ, ಅಲಂಕಾರ. ಮಕ್ಕಳ ಪಾಠವನ್ನೇ ಮೊದಲಿನಿಂದ ನುಡಿಸುತ್ತಾಳೆ, ಸ್ಪಷ್ಟವಾಗಿ, ಮೆಟ್ಟಿಲು ಹತ್ತಿ ಇಳಿದ ಹಾಗೆ. ಎಂಥ ವಿನಯ. ನಾನಾಗಿದ್ದರೆ ಮೊದಲ ದಿನವೇ ತಿಲ್ಲಾನಕ್ಕೆ ಕೈ ಹಾಕುತ್ತಿದ್ದೆ.

"ಎಳೆದು ನುಡಿಸೋದು ಯಾವಾಗ?" ಎಂದೆ.

"ಕೈ ಒಗ್ಗಲಿ ಇರಿ."

ನಡುವೆ ಯಾವಾಗಲೋ ಹಿಡಿಕೆ ಒತ್ತುತ್ತಾಳೆ. ನಾನು ರೂಮಿನಲ್ಲಿ ಇದ್ದಾಗ ಮಾತ್ರ ಎಂದು ಈಗ ಬರೆಯುವಾಗ ಹೊಳೆಯುತ್ತಿದೆ. ಇರಲಿ.

ಸೆಪ್ಟೆಂಬರ್ 27, ಶನಿವಾರ. ಮೆಲ್ಬರ್ನ್

ಈ ಸಲ ದಸರಾ ಮಗಳ ಮನೆಯಲ್ಲಿ. ಹ್ಯೂಮ್ ಹೈವೇ ಉದ್ದಕ್ಕೂ ಸಾಸಿವೆ ಹೊಲದಂಥ ಹಳದಿ ಕನೋಲಾ ಹೊಲಗಳು. ಹಿಂದಿನ ಸೀಟು ಮಡಚಿ ವೀಣೆ ಮಲಗಿಸಿದ್ದೆವು, ಪಕ್ಕಕ್ಕೆ ಗಿಟಾರು, ಕಾಲ ಬಳಿ ಪಟ್ಟದ ಗೊಂಬೆಗಳ ಡಬ್ಬ. ದಾರಿಯಲ್ಲಿ ಗುಂಡಗೈ ಎಂಬ ಊರಲ್ಲಿ ನಿಲ್ಲಿಸಿ ಪುಳಿಯೋಗರೆ ತಿಂದೆವು. ಬ್ರೇಕ್ ಹಾಕಿದಾಗಲೆಲ್ಲ ಶ್ರೀಲಕ್ಷ್ಮಿ ಹಿಂದೆ ತಿರುಗಿ ನೋಡುತ್ತಿದ್ದಳು. ವೀಣೆಯನ್ನು.

ಸಾನ್ವಿ ಟಾರ್ನೀಟ್‌ನ ಬಾಡಿಗೆ ಮನೆಯಲ್ಲಿ ಪುಸ್ತಕದ ಶೆಲ್ಫ್ ಖಾಲಿ ಮಾಡಿ ಗೊಂಬೆಗೆ ಮೆಟ್ಟಿಲು ಮಾಡಿದ್ದಾಳೆ. ಬೀದಿಯಲ್ಲೆಲ್ಲ ಇಲ್ಲಿಯವರ ಫುಟ್‌ಬಾಲ್, ಫುಟ್ಟಿಯ ಫೈನಲ್‌ನ ಕೂಗಾಟ. ನಮ್ಮ ಮನೆಯಲ್ಲಿ ಚೆಟ್ಟಿಯಾರ್ ದಂಪತಿ ಗೊಂಬೆಯ ಅಂಗಡಿಗೆ ಬೇಳೆ ಯಾವುದು ಇಡಬೇಕೆಂಬ ಚರ್ಚೆ.

ರಾತ್ರಿ ಊಟಕ್ಕೆ ಮುಂಚೆ ಕೇಳಿಸಿತು, ಅಡುಗೆಮನೆಯಲ್ಲಿ ತಾಯಿ ಮಗಳ ಮಾತು. "ಜಸ್ಟ್ ಟೆಲ್ ಹಿಮ್, ಅಮ್ಮ." "ಬೇಡ ಸುಮ್ನಿರು." ನಾನು ಹೋದಾಗ ಇಬ್ಬರೂ ಕೊತ್ತಂಬರಿ ಸೋಸುತ್ತಿದ್ದರು. ನನಗೇನು ಹೇಳಬೇಕು?

ಸೆಪ್ಟೆಂಬರ್ 29, ಸೋಮವಾರ

ಸರಸ್ವತಿ ಪೂಜೆ. ಗೊಂಬೆಗಳ ಮುಂದೆ ಪುಸ್ತಕ, ಸಾನ್ವಿಯ ಲ್ಯಾಪ್‌ಟಾಪ್, ವೀಣೆ, ನೀಲಿ ಗಿಟಾರು. ಇನ್ನು ವಿಜಯದಶಮಿ ತನಕ ಯಾವುದನ್ನೂ ಮುಟ್ಟುವ ಹಾಗಿಲ್ಲ. ಲ್ಯಾಪ್‌ಟಾಪ್ ಇಟ್ಟದ್ದಕ್ಕೆ ಸಾನ್ವಿ ಗೊಣಗಿ ಆಫೀಸಿಗೆ ರಜೆ ಹಾಕಿದಳು.

ಗಿಟಾರಿಗೆ ಮೊದಲ ಪೂಜೆ, ಹಾಗೇ ಬಿಡಲಾದೀತೇ? ನಾನೇ ಅರಿಸಿನ ಕಲಸಿ, ಅದರ ತಲೆಯ ಬಿಳಿಮರದ ಮೇಲೆ ಬೆರಳಿನಿಂದ "ಶ್ರೀ" ಎಂದು ಬರೆದೆ. ಕೆಳಗೆ ಕುಂಕುಮ. ಹೊಸ ಕಾರಿಗೆ ಬರೆಯುವುದಿಲ್ಲವೇ? ಶ್ರೀಲಕ್ಷ್ಮಿ ನೋಡಿ "ಅಯ್ಯೋ..." ಎಂದು ಶುರು ಮಾಡಿ, "ಮುದ್ದಾಗಿದೆ" ಎಂದು ಮುಗಿಸಿದಳು.

ಅಕ್ಟೋಬರ್ 2, ಗುರುವಾರ. ಬೆಳಗ್ಗೆ

ವಿಜಯದಶಮಿ. ಬೇಗ ಬರೆದಿಡುತ್ತೇನೆ.

ಮಂಗಳಾರತಿ ಆಯಿತು. ಅವಳು ಹೊಸ ಸೀರೆ ಉಟ್ಟು ಗೊಂಬೆಗಳ ಮುಂದೆ ಗಿಟಾರು ಹಿಡಿದು ಕೂತಳು. ಇವತ್ತು ಸರಳೆ ನುಡಿಸುವ ದಿನವಲ್ಲ. ಶ್ರುತಿಯ ತಂತಿಗಳನ್ನು ಮೀಟಿ, ಕಣ್ಣು ಮುಚ್ಚಿ, ತಂತಿ ಎಳೆದಳು.

ನನಗೆ ಸಂಗೀತ ಬರುವುದಿಲ್ಲ. ಆದರೂ ಕೇಳಿಸಿತು. ಅವಳ ಸ್ವರ ಮೇಲೆ ಹೋಗುತ್ತಿದ್ದಂತೆ ಕೆಳಗಿನ ಶ್ರುತಿ ಜಾರಿತು. ಸ ಇದ್ದಲ್ಲಿ ಸ ಇಲ್ಲ. ಮತ್ತೆ ಎಳೆದಳು, ಮತ್ತೆ ಜಾರಿತು. ಮೂರನೆಯ ಸಲ ಎಳೆಯಲಿಲ್ಲ. ಗಿಟಾರನ್ನು ಮೆತ್ತಗೆ ಕೆಳಗಿಟ್ಟು ಗೊಂಬೆಗಳಿಗೆ ನಮಸ್ಕಾರ ಮಾಡಿದಳು.

"ಆಯ್ತಲ್ಲ. ನುಡಿಸಿದ ಶಾಸ್ತ್ರ ಆಯ್ತು" ಎಂದಳು.

"ಏನಾಗ್ತಿದೆ ಅದು?" ಎಂದೆ.

ಸಾನ್ವಿಯೇ ಹೇಳಿದಳು. "ಅಪ್ಪಾ, ಆ ಬ್ರಿಡ್ಜ್ ಫಿಕ್ಸ್ ಆಗಿಲ್ಲ. ಹಿಂದೆ ಸ್ಪ್ರಿಂಗ್ಸ್ ಮೇಲೆ ನಿಂತಿದೆ. ಒಂದು ತಂತಿ ಎಳೆದ್ರೆ ಅದು ಬಾಗುತ್ತೆ, ಆಮೇಲೆ ದಿ ಅದರ್ಸ್ ಗೋ ಫ್ಲ್ಯಾಟ್."

ಅಂದರೆ ನಾನು ಮೆಚ್ಚಿದ ಹಿಡಿಕೆಯೇ ಶನಿ. ಗಮಕ ಹಿಡಿಕೆಯಿಂದ ಬರುತ್ತದೆಂದು ನಾನು ಅಂದುಕೊಂಡಿದ್ದೆ. ಅದು ಅವಳ ಬೆರಳಲ್ಲಿತ್ತು. ಅವಳಿಗೆ ನೋವಿದ್ದದ್ದು ಭುಜದಲ್ಲಿ, ಬೆರಳಲ್ಲಲ್ಲ.

"ಅಂಗಡೀಲೇ ಗೊತ್ತಾಗಿತ್ತಾ ನಿನಗೆ?"

"ಹೂಂ."

"ಹೇಳೋದಲ್ವಾ?"

"ಹೇಳಿದ್ನಲ್ಲ ರೀ. ಕಂದೇ ಸಾಕು ಅಂತ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು.

"ತಂದ್ಮೇಲಾದ್ರೂ?"

"ಅಷ್ಟು ಖುಷಿಯಾಗಿದ್ರಿ. ನೋಡ್ತಾ ಇದ್ರೆ ಸಾಕು ಅನ್ನಿಸ್ತು. ವೀಣೆ ಹೇಗೂ ಕೊಡೋದೇ ಅಂತ..." ಅವಳ ಕಣ್ಣು ತುಂಬಿತ್ತು. ನನಗೂ.

ಅದೇ ದಿನ. ಮಧ್ಯಾಹ್ನ

ಆಲ್ರಾಯ್‌ಗೆ ಫೋನ್ ಮಾಡಿದೆ, ಫೋಟೋ ಕಳಿಸಿದೆ. ಬದಲಾಯಿಸಿಕೊಡ್ತೀಯಾ?

ನಕ್ಕು ನಕ್ಕು ಸಾಕಾಯಿತು ಅವನಿಗೆ. "ಎಂತ ಗುರುದತ್ತಣ್ಣ, ಅರಿಸಿನ ಕುಂಕುಮ ಹಚ್ಚಿ ಮನೆ ತುಂಬಿಸಿಕೊಂಡಿದ್ದೀರಿ. ಇನ್ನು ವಾಪಸ್ ಕಳಿಸ್ಲಿಕ್ಕೆ ಉಂಟಾ?" ಒರೆಸಿ ನೋಡಿದ್ದೆ. ಕುಂಕುಮ ಹೋಯಿತು. ಅರಿಸಿನ ಮರದೊಳಗೆ ಇಳಿದಿದೆ. ಶ್ರೀ ಹಾಗೇ ಇದೆ.

ಆಮೇಲೆ ಅವನೇ ಹೇಳಿದ. "ತಲೆಬಿಸಿ ಮಾಡ್ಬೇಡಿ. ಹಿಂದಿನ ಮುಚ್ಚಳ ಬಿಚ್ಚಿ. ಒಳಗೆ ಕಬ್ಬಿಣದ ಗಟ್ಟಿ ಉಂಟು, ಅದು ಅಲ್ಲಾಡುದು. ಅದರ ಹಿಂದೆ ಗಟ್ಟಿ ಮರದ ಬೆಣೆ ಹೊಡೀರಿ. ಮತ್ತೆ ಅದು ಕಂದಿನ ಹಾಗೆಯೇ. ನಾನು ಲೈನಲ್ಲಿ ಇರ್ತೇನೆ."

ಗಟ್ಟಿ ಮರ ಎಲ್ಲಿಂದ ತರಲಿ? ಸಾನ್ವಿಯ ಮನೆಯಲ್ಲಿ ಇರುವುದೆಲ್ಲ ಮರದ ಹೊಟ್ಟು ಒತ್ತಿ ಮಾಡಿದ ಪೀಠೋಪಕರಣ. ಬನ್ನಿಂಗ್ಸ್ ಹಾರ್ಡ್‌ವೇರ್ ಅಂಗಡಿಗೆ ಹೊರಟೆ. ಶ್ರೀಲಕ್ಷ್ಮಿ ತಡೆದಳು. ವೀಣೆಯ ಪೆಟ್ಟಿಗೆ ತೆಗೆದು, ಬಟ್ಟೆಯಲ್ಲಿ ಸುತ್ತಿದ್ದ ಹಳೇ ಬಿರಡೆ ಕೊಟ್ಟಳು. ಬೀಟೆ ಮರ. ತಂತಿ ಬಿಗಿಯುವ ಬಿರಡೆ. ಸವೆದಿದೆಯೆಂದು ಅವಳ ಟೀಚರು ಬದಲಾಯಿಸಿಕೊಟ್ಟಾಗ ಇದನ್ನು ಎಸೆಯದೆ ಇಟ್ಟುಕೊಂಡಿದ್ದಳು.

"ಇದನ್ನಾ? ಇದನ್ನ ಕತ್ತರಿಸೋದಾ?"

"ಶ್ರುತಿ ಹಿಡಿಯೋದೇ ಅದ್ರ ಕೆಲಸ. ಮಾಡ್ಲಿ ಬಿಡಿ."

ಇವಳನ್ನು ಕಂಡರೆ ನನಗೆ ಒಮ್ಮೊಮ್ಮೆ ಭಯಭಕ್ತಿ.

ಪಕ್ಕದ ಮನೆಯವರ ಗರಗಸ, ಸಾನ್ವಿಯ ಉಗುರಿನ ಅರ, ನನ್ನ ಬೆವರು. ಸ್ಪೀಕರ್‌ನಲ್ಲಿ ಆಲ್ರಾಯ್: "ಇನ್ನು ಸ್ವಲ್ಪ ತೆಳು ಮಾಡಿ... ಆಯ್ತು, ಮೆಲ್ಲ ಬಡೀರಿ." ಬಿರಡೆ ಒಳಗೆ ಬಿಗಿಯಾಗಿ ಕೂತಿತು. ಹಿಡಿಕೆ ಒತ್ತಿದೆ. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಹಿಡಿಕೆಯನ್ನೇ ತಿರುಗಿಸಿ ಕಿತ್ತು ಶ್ರೀಲಕ್ಷ್ಮಿಯ ಕೈಗೆ ಕೊಟ್ಟೆ.

"ಹುಳಿ ಕಲಕೋಕೆ ಆಗುತ್ತೆ" ಎಂದಳು.

ಸಂಜೆ

ಅಡುಗೆಮನೆಯ ಮೇಜಿನ ಹತ್ತಿರ ಕೂತು ಬರೆಯುತ್ತಿದ್ದೇನೆ. ಒಳಗೆ ಹೋಗುವ ಧೈರ್ಯವಿಲ್ಲ. ಬಾಗಿಲು ತೆರೆದಿದೆ, ಅವಳ ಬೆನ್ನು ಕಾಣುತ್ತದೆ. ಪಕ್ಕದಲ್ಲೇ ವೀಣೆ. ಶ್ರುತಿ ಮಾಡುತ್ತಿದ್ದಾಳೆ. ಸಾನ್ವಿ ಗೋಡೆಗೊರಗಿ ನಿಂತಿದ್ದಾಳೆ, ಫೋನ್ ಕೂಡ ನೋಡುತ್ತಿಲ್ಲ.

ಶುರು ಮಾಡಿದಳು. ತೋಡಿ. ನನಗೆ ಗುರುತು ಸಿಗುವ ಎರಡೇ ರಾಗಗಳಲ್ಲಿ ಒಂದು. ನಿಧಾನವಾಗಿ, ಒಂದೊಂದೇ ಸ್ವರ. ಇನ್ನೂ ಎಳೆದಿಲ್ಲ. ಅವಳಿಗೂ ಭಯವೇ ಇರಬೇಕು.

ಎಳೆದಳು.

ಸ ಅಲ್ಲೇ ಇದೆ. ಮತ್ತೆ ಎಳೆದಳು. ಅಲ್ಲೇ ಇದೆ. ಈಗ ಮೇಲಕ್ಕೆ, ಇನ್ನೂ ಮೇಲಕ್ಕೆ, ಒಂದೇ ಮನೆಯಲ್ಲಿ ನಿಂತು... ನುಡಿಸುತ್ತಲೇ ತಿರುಗಿ ನೋಡುತ್ತಾ "ರೀ, ಆ ವೀಣೆಗೆ ಸೀರೆ ಹೊದಿಸಿ, ಧೂಳು ಕೂರುತ್ತೆ. ಭುಜ ಸರಿಹೋದ್ಮೇಲೆ ಅದೂ ಬೇಕು" ಎಂದಳು. ಬೇಕು ಎಂದಳು. ಇವಳ ಬಾಯಲ್ಲಿ ಈ ಮಾತು ನಾನು ಯಾವತ್ತು ಕೇಳಿದ್ದೆ... ಸಾಕು ಬರೆದದ್ದು, ಸೀರೆ ಹೊದಿಸಲು ಹೊರಟೆ.